ಸವಾಯಿಗೆ ಯಾವ ಟಿಕೆಟ್ ತಗೊಳ್ಳೋದು? ಒಂದು ಸೀಟಿನ ಹಿಂದಿನ ಚರಿತ್ರೆ



ನವೆಂಬರ್ ಮುಗೀತಾ ಬಂತು ಅಂದ್ರೆ ಪುಣೆಯಲ್ಲಿರೋ ನಮ್ಮ ಐಟಿ ಹುಡುಗ-ಹುಡುಗಿಯರಿಂದ ನನಗೆ ಬರೋ ಪ್ರಶ್ನೆ ಒಂದೇ. "ಅಣ್ಣಾ, ಈ ಸಲ ಸವಾಯಿಗೆ ಹೋಗೋಣ ಅಂತಿದೀವಿ, ಫಸ್ಟ್ ಟೈಮು. ಸೀಸನ್ ಟಿಕೆಟ್ ತಗೊಳ್ಳೋದಾ, ಒಂದೇ ದಿನದ್ದಾ? ಕುರ್ಚಿನಾ, ನೆಲನಾ?" ಸವಾಯಿ ಅಂದ್ರೆ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ಡಿಸೆಂಬರ್‌ನಲ್ಲಿ ಪುಣೆಯಲ್ಲಿ ನಡೆಯುತ್ತೆ, ಈಚಿನ ವರ್ಷಗಳಲ್ಲಿ ಐದು ದಿನ. ಸಾವಿರಾರು ಜನ ಒಂದೇ ಪೆಂಡಾಲಿನಲ್ಲಿ ಕೂತು ಹಿಂದೂಸ್ತಾನಿ ಸಂಗೀತ ಕೇಳ್ತಾರೆ. ನಮ್ಮಲ್ಲಿ ಎಷ್ಟೋ ಜನರಿಗೆ ಜೀವನದ ಮೊದಲ ದೊಡ್ಡ ಕಛೇರಿ ಇದೇ ಆಗಿರುತ್ತೆ.

ಪ್ರಶ್ನೆಗೆ ಉತ್ತರ ಎರಡು ಸಾಲಿನಲ್ಲಿ ಮುಗಿಯುತ್ತೆ, ಕೊನೆಯಲ್ಲಿ ಹೇಳ್ತೀನಿ. ಆದರೆ ಟಿಕೆಟ್ ಕೊಂಡು ಸಂಗೀತ ಕೇಳೋದು ಅನ್ನೋ ವಿಚಾರವೇ ನಮ್ಮ ದೇಶದಲ್ಲಿ ಅಷ್ಟು ಹಳೆಯದಲ್ಲ. ಅದು ಹೇಗೆ ಬಂತು, ಅದಕ್ಕೂ ಕನ್ನಡ ನಾಡಿಗೂ ಎಂಥ ನಂಟು ಅನ್ನೋದು ಇವತ್ತಿನ ಮಾತು.

ಟಿಕೆಟ್ ಇಲ್ಲದ ಕಾಲ

ಟಿಕೆಟ್ ಬರೋದಕ್ಕೆ ಮುಂಚೆ ಸಂಗೀತ ಪುಕ್ಕಟೆ ಇತ್ತು ಅಂತ ಅನ್ನಿಸಬಹುದು. ಒಂದರ್ಥದಲ್ಲಿ ಹೌದು, ಕೇಳೋರು ದುಡ್ಡು ಕೊಡ್ತಿರಲಿಲ್ಲ. ಹಾಡುಗಾರರನ್ನ ಸಾಕ್ತಿದ್ದದ್ದು ಅರಮನೆ, ದೇವಸ್ಥಾನ, ಇಲ್ಲವೇ ಊರಿನ ಸಾಹುಕಾರರು. ಉತ್ತರದ ಕಡೆ ಮೆಹಫಿಲ್ ಅಂತಾರೆ: ಒಬ್ಬ ಯಜಮಾನ ತನ್ನ ಮನೆಗೆ ಉಸ್ತಾದರನ್ನ ಕರೆಸಿ, ತನಗೆ ಬೇಕಾದ ನಲವತ್ತೋ ಐವತ್ತೋ ಜನರನ್ನ ಕೂರಿಸಿ ಹಾಡಿಸ್ತಿದ್ದ. ಸಂಭಾವನೆ ಅವನದು, ಒಳಗೆ ಯಾರು ಬರಬೇಕು ಅನ್ನೋ ತೀರ್ಮಾನವೂ ಅವನದು.

ಹಾಗಾಗಿ ಬೆಲೆ ಇರಲಿಲ್ಲ, ಆದರೆ ಬಾಗಿಲು ಇತ್ತು. ನೀವು ಯಾರ ಮಗ, ಯಾವ ಜಾತಿ, ಯಜಮಾನನಿಗೆ ಏನಾಗಬೇಕು, ಇದರ ಮೇಲೆ ಬಾಗಿಲು ತೆರೀತಿತ್ತು. ಸಂಭಾವಿತ ಮನೆಯ ಹೆಣ್ಣುಮಕ್ಕಳು ಇಂಥ ಕಡೆ ಬಂದು ಕೂರೋದು ಅಪರೂಪ. ಹಾಡುಗಾರರ ಸ್ಥಿತಿಯೂ ಹಾಗೇ. ಹಾಡುವಾಗ ದೊಡ್ಡ ಮರ್ಯಾದೆ, ಹಾಡು ಮುಗಿದ ಮೇಲೆ ಅವರು ಸೇವಕರ ಸಾಲಿನಲ್ಲಿ.

ಬೇರೆ ದೇಶಗಳಲ್ಲೂ ಕತೆ ಹೀಗೇ ಶುರುವಾಗಿದ್ದು. ಲಂಡನ್ನಿನಲ್ಲಿ ಜಾನ್ ಬ್ಯಾನಿಸ್ಟರ್ ಅನ್ನೋ ಪಿಟೀಲುಗಾರ ಇದ್ದ. ಮೊದಲು ರಾಜನ ವಾದ್ಯಗಾರರ ತಂಡದಲ್ಲಿದ್ದವನು. ಅವನು 1672ರ ಡಿಸೆಂಬರ್ ಕೊನೆಯಲ್ಲಿ ತನ್ನ ಮನೆಯಲ್ಲೇ ಕಛೇರಿ ಇಟ್ಟು, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಒಂದು ಶಿಲ್ಲಿಂಗ್ ಕೊಟ್ಟ ಯಾರನ್ನಾದರೂ ಒಳಗೆ ಬಿಟ್ಟ. ಸಾರ್ವಜನಿಕರು ದುಡ್ಡು ಕೊಟ್ಟು ಕೇಳುವ ಕಛೇರಿಗಳ ಚರಿತ್ರೆಯನ್ನ ಸಾಮಾನ್ಯವಾಗಿ ಇಲ್ಲಿಂದಲೇ ಶುರು ಮಾಡ್ತಾರೆ.

ಮಿರಜಿನಿಂದ ಹೊರಟ ಹಾಡುಗಾರ

ನಮ್ಮ ಕಡೆ ಈ ದಾರಿ ತೆರೆದವರಲ್ಲಿ ಮುಖ್ಯರು ವಿಷ್ಣು ದಿಗಂಬರ ಪಲುಸ್ಕರ್. 1872ರಲ್ಲಿ ಕುರುಂದವಾಡದಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾಯ್ತು, ಓದು ನಿಂತು ಸಂಗೀತದ ಕಡೆ ಬಂದರು. ಮಿರಜ್ ಸಂಸ್ಥಾನದ ಆಶ್ರಯದಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರ್ ಅವರ ಹತ್ತಿರ ಕಲಿತರು.

ಅವರು ಮಿರಜ್ ಬಿಟ್ಟಿದ್ದು ಯಾಕೆ ಅನ್ನೋದಕ್ಕೆ ಒಂದು ಕತೆ ಹೇಳ್ತಾರೆ. ಊರಲ್ಲಿ ಒಂದು ಸಮಾರಂಭ. ರಾಜನ ಕೃಪೆ ಇದ್ದಿದ್ದರಿಂದ ಶಿಷ್ಯ ವಿಷ್ಣುವಿಗೆ ಕರೆ ಬಂತು, ಗುರು ಬಾಲಕೃಷ್ಣಬುವಾ ಅವರಿಗೆ ಬರಲಿಲ್ಲ. ಕೇಳಿದರೆ, ಅವರು ಬರೀ ಗವಾಯಿ ತಾನೇ ಅನ್ನೋ ಅರ್ಥದ ಉತ್ತರ ಸಿಕ್ತಂತೆ. ಕತೆಯ ವಿವರ ಏನೇ ಇರಲಿ, 1896ರಲ್ಲಿ ಅವರು ಆಶ್ರಯ ಬಿಟ್ಟು ಹೊರಟಿದ್ದು ನಿಜ. ಆ ತಿರುಗಾಟದಲ್ಲಿ, ಕಾಠಿಯಾವಾಡದ ಕಡೆ, ಟಿಕೆಟ್ ಇಟ್ಟು ಸಾರ್ವಜನಿಕ ಕಛೇರಿ ಮಾಡಿದರು. 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ರಾಜನ ಹಣದ ಬದಲು ಜನರ ಹಣದಿಂದ ನಡೆಯುವ ಶಾಲೆ ಅದು.

ಯಾರಿಗೆ ಕೂರಲು ಜಾಗ ಇದೆ, ಯಾರಿಗೆ ಇಲ್ಲ ಅನ್ನೋ ಪ್ರಶ್ನೆಯಿಂದಲೇ ಟಿಕೆಟ್ ಹುಟ್ಟಿತು ಅಂತ ನನಗೆ ಅನ್ನಿಸೋದು ಇದಕ್ಕೇ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಟಿಕೆಟ್ ಒಂದು ಬೇರರ್ ಟೋಕನ್. ಕೈಯಲ್ಲಿ ಹಿಡಿದವನಿಗೆ ಪ್ರವೇಶ, ಅವನು ಯಾರು ಅಂತ ಸರ್ವರ್ ಕೇಳಲ್ಲ.

ನಾಟಕದ ಕಂಪನಿ ಕಲಿಸಿದ ಪಾಠ

ಸಂಗೀತಕ್ಕೆ ಟಿಕೆಟ್ ಕೊಳ್ಳುವ ಅಭ್ಯಾಸವನ್ನ ಸಾಮಾನ್ಯ ಜನರಿಗೆ ಹಚ್ಚಿದ್ದು ಮಾತ್ರ ನಾಟಕದ ಕಂಪನಿಗಳು. ಇಲ್ಲೇ ಕನ್ನಡ ನಾಡು ಕತೆಯೊಳಗೆ ಬರುತ್ತೆ. ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ 'ಸಂಗೀತ ಶಾಕುಂತಲ' ಪುಣೆಯಲ್ಲಿ ರಂಗಕ್ಕೆ ಬಂದಿದ್ದು 1880ರಲ್ಲಿ. ರಾಗ, ತಾನ್ ಎಲ್ಲ ರಂಗದ ಮೇಲೆ ಬಂತು. ಅರಮನೆಯ ಒಳಗಿದ್ದ ಹಾಡು ಅಂಗಡಿಯವನಿಗೂ, ಗುಮಾಸ್ತನಿಗೂ, ಸಂತೆಗೆ ಬಂದ ರೈತನಿಗೂ ಸಿಕ್ಕಿತು.

ಜೊತೆಗೇ ಇನ್ನೊಂದು ಬಂತು, ಸೀಟಿನ ದರ್ಜೆ. ಮುಂದಿನ ಕುರ್ಚಿಗೆ ಒಂದು ದರ, ಬೆಂಚಿಗೆ ಒಂದು, ನೆಲಕ್ಕೆ ಒಂದು. ಹೆಂಗಸರಿಗೆ ಬೇರೆ ಜಾಗ. ನಮ್ಮ ಅಜ್ಜ-ಅಜ್ಜಿಯರು ನೋಡಿದ ಕನ್ನಡ ಕಂಪನಿ ನಾಟಕಗಳಲ್ಲೂ ಇದೇ ವ್ಯವಸ್ಥೆ. ಬಾಗಿಲು ಎಲ್ಲರಿಗೂ ತೆರೀತು, ಆದರೆ ಒಳಗೆ ಹೋದ ಮೇಲೆ ಜೇಬು ನೋಡಿ ಕೂರಿಸಿದರು.

ಈ ನಾಟಕದ ಲೋಕದಿಂದಲೇ ಬಂದವರು ಕುಂದಗೋಳದ ರಾಮಭಾವು. 1886ರಲ್ಲಿ ಹುಟ್ಟಿದವರು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಮೈಸೂರು ದರ್ಬಾರಿಗೆ ಹೋಗಿಬರುವಾಗ ಧಾರವಾಡದಲ್ಲಿ ತಂಗ್ತಿದ್ದರು. ಅವರ ಶಿಷ್ಯರಾಗಿ ಕಲಿತು, ರಾಮಭಾವು ನಾಟಕ ಕಂಪನಿ ಸೇರಿ ಸ್ತ್ರೀ ಪಾತ್ರ ಹಾಕಿ ಹಾಡಿದರು. ಆ ಕಾಲದ ದೊಡ್ಡ ರಂಗನಟ ಬಾಲಗಂಧರ್ವ. ಸವಾಯಿ ಅಂದ್ರೆ ಒಂದೂಕಾಲು. ಗಂಧರ್ವನಿಗಿಂತ ಕಾಲು ಪಾಲು ಹೆಚ್ಚು ಅನ್ನೋ ಅರ್ಥದಲ್ಲಿ ರಾಮಭಾವು 'ಸವಾಯಿ ಗಂಧರ್ವ' ಆದರು. ಪುಣೆಯವರು ಇವತ್ತು ದಿನಬಳಕೆಯಲ್ಲಿ 'ಸವಾಯಿ' ಅನ್ನೋದು ಈ ಕುಂದಗೋಳದ ಮನುಷ್ಯನ ಹೆಸರನ್ನ.

ಟಿಕೆಟ್ ಇಲ್ಲದೆ ರೈಲು ಹತ್ತಿದ ಹುಡುಗ

ಅವರ ಇಬ್ಬರು ಶಿಷ್ಯರನ್ನ ನೆನೆಯಲೇಬೇಕು.

ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿ ಎದುರಿಗೆ, ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಅವರೂ ಒಬ್ಬರು. ಆಗ ಅವರಿಗೆ ಹನ್ನೊಂದು ವರ್ಷ. ಆ ದಿನ ಹಾಡಿಗಿಂತ ಹೆಚ್ಚಾಗಿ ಊಟದ ಪಂಕ್ತಿಯದೇ ತಮಗೆ ಭಯ ಇತ್ತು ಅಂತ ಆಮೇಲೆ ನೆನಪಿಸಿಕೊಂಡಿದ್ದಾರೆ. ಹಾಡುವ ಕುಲದ ಹುಡುಗಿಯನ್ನ ಎಲ್ಲರ ಜೊತೆ ಕೂರಿಸ್ತಾರೋ ಇಲ್ವೋ ಅಂತ. ಮಿರಜಿನ ಕತೆಯಲ್ಲಿದ್ದ ಪ್ರಶ್ನೆಯೇ ಇಲ್ಲೂ ಇದೆ, ಸುಮಾರು ಮೂವತ್ತು ವರ್ಷ ಆದ ಮೇಲೂ.

ಇನ್ನೊಬ್ಬರು ಭೀಮಸೇನ ಜೋಶಿ. 1933ರಲ್ಲಿ, ಹನ್ನೊಂದು ವರ್ಷದ ಹುಡುಗ, ಗುರುವನ್ನ ಹುಡುಕಿಕೊಂಡು ಗದಗಿನ ಮನೆ ಬಿಟ್ಟು ಓಡಿದರು. ಕೈಯಲ್ಲಿ ದುಡ್ಡಿಲ್ಲ. ಟಿಕೆಟ್ ಇಲ್ಲದೆ ರೈಲು ಹತ್ತೋದು, ಟಿಕೆಟ್ ಕಲೆಕ್ಟರ್ ಬಂದರೆ ಹಾಡು ಹೇಳೋದು. ಹಾಗೇ ಗ್ವಾಲಿಯರ್, ಜಲಂಧರ್ ಅಂತ ಉತ್ತರವೆಲ್ಲ ಸುತ್ತಿ, ಕೊನೆಗೆ 1936ರಲ್ಲಿ ಗುರು ಸಿಕ್ಕಿದ್ದು ಮನೆಯ ಪಕ್ಕದಲ್ಲೇ, ಕುಂದಗೋಳದಲ್ಲಿ.

ಸವಾಯಿ ಗಂಧರ್ವರು 1952ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಮರುವರ್ಷ ಅವರ ಪುಣ್ಯತಿಥಿಗೆ ಭೀಮಸೇನರು ಸಣ್ಣ ಪ್ರಮಾಣದಲ್ಲಿ ಶುರು ಮಾಡಿದ್ದೇ ಈ ಮಹೋತ್ಸವ. ಆರ್ಯ ಸಂಗೀತ ಪ್ರಸಾರಕ ಮಂಡಳ ಇದನ್ನ ನಡೆಸಿಕೊಂಡು ಬಂದಿದೆ. ಬಹಳ ವರ್ಷ ಹಳೆ ಪುಣೆಯ ರಮಣಬಾಗ್ ಶಾಲೆಯ ಮೈದಾನದಲ್ಲಿ ನಡೀತು, 2018ರಿಂದ ಮುಕುಂದನಗರಕ್ಕೆ ಬಂದಿದೆ. 2011ರಲ್ಲಿ ಭೀಮಸೇನರು ಹೋದ ಮೇಲೆ ಅವರ ಹೆಸರೂ ಉತ್ಸವದ ಹೆಸರಿಗೆ ಸೇರಿತು.

ಮೈಕು, ಮತ್ತು ಹೋದ ರಾತ್ರಿಗಳು

ಇಷ್ಟು ದೊಡ್ಡ ಕಛೇರಿ ಸಾಧ್ಯ ಆಗಿದ್ದು ಮೈಕಿನಿಂದ. ಬರೀ ಕಂಠದ ಬಲದ ಮೇಲೆ ತಂಬೂರಿಯ ನಾದವನ್ನ ಸಾವಿರಾರು ಜನಕ್ಕೆ ಮುಟ್ಟಿಸೋಕೆ ಆಗಲ್ಲ. ಮೆಹಫಿಲ್ ಚಿಕ್ಕದಾಗಿದ್ದಕ್ಕೆ ಯಜಮಾನನ ಮನಸ್ಸಿನ ಜೊತೆ ಈ ಫಿಸಿಕ್ಸೂ ಕಾರಣ.

ಕಡಿವಾಣ ಬಿದ್ದಿದ್ದೂ ಅದೇ ಮೈಕಿಗೆ. ಹಿಂದೆ ಸವಾಯಿ ಇಡೀ ರಾತ್ರಿ ನಡೀತಿತ್ತು, ಬೆಳಗಾದ ಮೇಲೆ ಜನ ಮನೆಗೆ ಹೋಗ್ತಿದ್ದರು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬೇಡ ಅಂದವು. ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ಮಧ್ಯರಾತ್ರಿವರೆಗೆ ಮಾತ್ರ, ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ಪಕ್ಕದ ಬೀದಿಯಲ್ಲಿ ಮಲಗುವ ಕೂಸು, ಮುದುಕರ ದೃಷ್ಟಿಯಿಂದ ನಿಯಮ ಸರಿಯೇ. ಆದರೆ ನಮ್ಮ ರಾಗಗಳಿಗೆ ಹೊತ್ತು ಅಂತ ಇದೆ. ನಡುರಾತ್ರಿ ದಾಟಿದ ಮೇಲಿನ ರಾಗಗಳು, ನಸುಕಿನ ಲಲತ್, ಇವೆಲ್ಲ ಈ ಪೆಂಡಾಲಿನಿಂದ ಹೆಚ್ಚು ಕಮ್ಮಿ ಹೊರಗೆ ಉಳಿದವು. ಅದಕ್ಕೆ ಬದಲಾಗಿ ಮಧ್ಯಾಹ್ನದ, ಸಂಜೆಯ ರಾಗಗಳಿಗೆ ಜಾಗ ಸಿಕ್ತು: ಮುಲ್ತಾನಿ, ಮಾರ್ವಾ, ಪೂರಿಯಾ ಧನಾಶ್ರೀ.

ಹಾಗಾದರೆ ಎಲ್ಲಿ ಕೂರೋದು?

ಈಗ ನಿಮ್ಮ ಪ್ರಶ್ನೆ. ಸವಾಯಿಯಲ್ಲಿ ಸೋಫಾ, ಕುರ್ಚಿಗಳಿಗೆ ಹೆಚ್ಚಿನ ದರ ಇರುತ್ತೆ. 'ಭಾರತೀಯ ಬೈಠಕ್', ಅಂದ್ರೆ ನೆಲದ ಮೇಲೆ ಕೂರುವ ಜಾಗ, ಎಲ್ಲಕ್ಕಿಂತ ಅಗ್ಗ. ಮೆಹಫಿಲ್‌ನಲ್ಲಿ ಯಜಮಾನನ ಗೆಳೆಯರು ಕೂರ್ತಿದ್ದದ್ದೂ ಹೀಗೇ ನೆಲದ ಮೇಲೆ, ಜಮಖಾನದ ಮೇಲೆ. ಒಂದು ಕಾಲಕ್ಕೆ ಆರಿಸಿದವರಿಗೆ ಮಾತ್ರ ಸಿಗ್ತಿದ್ದ ಆಸನ ಇವತ್ತು ಎಲ್ಲಕ್ಕಿಂತ ಕಮ್ಮಿ ದರದ್ದು. ಅದಕ್ಕೇ ನನ್ನ ಸಲಹೆ: ಬೆನ್ನು, ಮೊಣಕಾಲು ಸರಿಯಿದ್ದರೆ ಮೊದಲ ಸಲ ಬೈಠಕ್ ತಗೊಳ್ಳಿ, ಸೀಸನ್ ಟಿಕೆಟ್ಟೇ ತಗೊಳ್ಳಿ. ಮನೆಯಿಂದ ಒಂದು ದಪ್ಪ ಚಾದರ ತನ್ನಿ, ಡಿಸೆಂಬರ್ ಸಂಜೆ ನೆಲ ತಣ್ಣಗಿರುತ್ತೆ. ಅಪ್ಪ-ಅಮ್ಮನನ್ನ ಕರ್ಕೊಂಡು ಬರೋದಾದರೆ ಮಾತ್ರ ಅವರಿಗೆ ಕುರ್ಚಿ.

ಜಾಗದ ವಿಚಾರ ಒಂದೆರಡು ಮಾತು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ವೇದಿಕೆಯಿಂದ 70 ಮೀಟರ್ ಹಿಂದೆ ಕೂತರೆ ತಬಲಾದ ಮೇಲೆ ಕೈ ಬಿದ್ದಿದ್ದು ಮೊದಲು ಕಾಣುತ್ತೆ, 'ಧಾ' ಕೇಳೋಕೆ ಸೆಕೆಂಡಿನ ಐದನೇ ಒಂದು ಭಾಗ ತಡ. ಪರದೆ ನೋಡ್ತಾ ಕೂತವರಿಗೆ ಇದು ಕಿರಿಕಿರಿ. ಹಿಂದೆ ಕೂತಿದ್ದರೆ ಕಣ್ಣು ಮುಚ್ಚಿ ಕೇಳಿ, ಸರಿಹೋಗುತ್ತೆ. ಸ್ಪೀಕರ್ ಗೋಪುರದ ಎದುರಿಗೇ ಕೂರಬೇಡಿ, ತಂಬೂರಿಯ ಸೂಕ್ಷ್ಮ ಎಲ್ಲ ಮುಳುಗಿಹೋಗುತ್ತೆ. ಎಡ-ಬಲದ ಸ್ಪೀಕರ್‌ಗಳ ನಡುವೆ, ಸ್ವಲ್ಪ ಹಿಂದೆ ಸರಿದು ಕೂರಿ.

ಇನ್ನೊಂದು. ಆಫೀಸ್ ಮುಗಿಸಿ ಏಳು ಗಂಟೆಗೆ ಬಂದರೆ ಸಾಕು, ದೊಡ್ಡ ಹೆಸರಿನವರು ಕೊನೆಗೆ ತಾನೇ ಹಾಡೋದು ಅಂತ ಬಹಳ ಜನ ಲೆಕ್ಕ ಹಾಕ್ತಾರೆ. ಒಂದು ದಿನವಾದರೂ ರಜೆ ಹಾಕಿ ಮಧ್ಯಾಹ್ನವೇ ಬನ್ನಿ. ಜನ ಕಮ್ಮಿ ಇರ್ತಾರೆ, ಜಾಗ ನಿಮ್ಮಿಷ್ಟ. ಕಿರಿಯ ಕಲಾವಿದರು ಜೀವ ತೇಯ್ದು ಹಾಡ್ತಾರೆ. ಮುಲ್ತಾನಿಯನ್ನ ಅದರ ಹೊತ್ತಿನಲ್ಲೇ ಕೇಳೋಕೆ ಸಿಗುತ್ತೆ.

ನಾನು ಪುಣೆಗೆ ಬಂದ ಹೊಸದರಲ್ಲಿ ಈ ಊರಲ್ಲಿ ಒಬ್ಬರ ಪರಿಚಯವೂ ಇರಲಿಲ್ಲ. ಮರಾಠಿ ಅಷ್ಟಕ್ಕಷ್ಟೇ. ಬೈಠಕ್‌ನಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು "ತುಮ್ಹಿ ಕುಠಲೇ?" ಅಂದರು. ಹುಬ್ಬಳ್ಳಿ ಅಂದೆ. "ಗಂಗೂಬಾಯಿ!" ಅಂತ ಕೈಮುಗಿದು, ಸರಿದು, ತಮ್ಮ ಚಾದರದ ಅರ್ಧ ನನ್ನ ಕಡೆ ಎಳೆದರು. ಆಮೇಲೆ ಅವರು ಯಾರು ಅಂತ ನಾನೂ ಕೇಳಲಿಲ್ಲ, ನನ್ನ ಬಗ್ಗೆ ಅವರೂ ಇನ್ನೇನೂ ಕೇಳಲಿಲ್ಲ. ಇಬ್ಬರ ಹತ್ತಿರವೂ ಒಂದೇ ಬಣ್ಣದ ಟಿಕೆಟ್ ಇತ್ತು. ಪರಊರಿಗೆ ದುಡಿಯೋಕೆ ಬಂದ ನಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ. ಯಾರ ಶಿಫಾರಸೂ ಇಲ್ಲದೆ, ಯಾರ ಮನೆಯ ಕರೆಗೂ ಕಾಯದೆ, ಹೋಗಿ ಕೂರಬಹುದಾದ ಜಾಗ ಒಂದು ಊರಲ್ಲಿ ಎಷ್ಟು ಇರ್ತವೆ ಹೇಳಿ?

ಟಿಕೆಟ್ ದರ ಮಾತ್ರ ಮತ್ತೆ ಹಳೆ ಬಾಗಿಲಾಗದ ಹಾಗೆ ನೋಡಿಕೊಳ್ಳಬೇಕು. ದೊಡ್ಡ ಕಛೇರಿಗಳಲ್ಲಿ ಮುಂದಿನ ಸಾಲು ಪ್ರಾಯೋಜಕರಿಗೆ ಹೋಗೋದು, ನೆಲ ಕಮ್ಮಿಯಾಗಿ ಸೋಫಾ ಹೆಚ್ಚೋದು, ಇವನ್ನ ನಾವೆಲ್ಲ ನೋಡ್ತಿದೀವಿ. ಬೈಠಕ್ ತುಂಬಿದ್ದರೆ ಯಾವ ಸಂಘಟಕರೂ ಅದನ್ನ ತೆಗೆಯಲ್ಲ. ನೀವು ಅಲ್ಲಿ ಕೂರಬೇಕು ಅಂತ ನಾನು ಹೇಳೋದಕ್ಕೆ ಇದೂ ಒಂದು ಕಾರಣ.

ಕೊನೆಯ ದಿನ ಬೇಗ ಎದ್ದು ಪಾರ್ಕಿಂಗ್ ಕಡೆ ಓಡಬೇಡಿ. ಎಲ್ಲ ಮುಗಿದ ಮೇಲೆ ಸವಾಯಿ ಗಂಧರ್ವರ ಹಳೆಯ ಧ್ವನಿಮುದ್ರಿಕೆ ಹಾಕೋ ಪದ್ಧತಿ ಇದೆ. ಪೆಂಡಾಲು ಸುಮ್ಮನಾಗುತ್ತೆ, ಸೋಫಾದವರೂ ನೆಲದವರೂ ಕುಂದಗೋಳದ ಆ ದನಿಯನ್ನ ಕೇಳ್ತಾರೆ. ಅದನ್ನ ಕೇಳಿಯೇ ಎದ್ದು ಬನ್ನಿ.

ಮುಂದಿನ ಮಾತಿನಲ್ಲಿ ಕುಂದಗೋಳದ ನಾಡಿಗೇರರ ವಾಡೆಯ ಬಗ್ಗೆ ಹೇಳ್ತೀನಿ. ಅಲ್ಲಿವರೆಗೆ, ನಮಸ್ಕಾರ.