ಪರದೆಯ ಈಚೆ ಕೂತವರು

ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ಗೂಡಲೂರಿನಿಂದ ಉತ್ತಮಪಾಳ್ಯಂವರೆಗಿನ ಸೀಮೆಯಲ್ಲಿ, ಕಪ್ಪಿಲಿಯರ ಮನೆಮಾತು ಇವತ್ತಿಗೂ ಕನ್ನಡವೇ. ದಿಂಡಿಗಲ್ ಕಡೆಯ ಅನುಪ್ಪರದೂ ಅಷ್ಟೆ. ಆದರೆ ಶಾಲೆ, ರೇಷನ್ ಕಾರ್ಡು, ಬಸ್ಸಿನ ಬೋರ್ಡು ಎಲ್ಲ ತಮಿಳು. ಏಲಕ್ಕಿ ತೋಟಕ್ಕೆಂದು ಘಾಟಿ ಹತ್ತಿ ಕುಮುಳಿ ದಾಟಿದರೆ ಮಲಯಾಳ. ಹೊಸ ಫೋನು ಮೊದಲಿಗೆ ಕೇಳುವುದು ‘ನಿಮ್ಮ ಭಾಷೆ ಆರಿಸಿ’ ಎಂದು. ಇಂಥ ಮನೆಯವರು ಯಾವುದನ್ನು ಒತ್ತಬೇಕು? ತಮಿಳು ಒತ್ತಿದರೆ ಓದಲು ಬರುತ್ತದೆ, ಆದರೆ ಅಜ್ಜಿ ಮಾತಾಡುವುದು ಕನ್ನಡ. ಕನ್ನಡ ಒತ್ತಿದರೆ ತೆರೆಯ ಮೇಲಿನ ಅಕ್ಷರ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆಡುವ ಭಾಷೆ, ಓದುವ ಭಾಷೆ ಎರಡೂ ಒಂದೇ ಇರುತ್ತದೆಂದು ಆ ಪ್ರಶ್ನೆ ಮಾಡಿದವರು ಮೊದಲೇ ತೀರ್ಮಾನಿಸಿಬಿಟ್ಟಿದ್ದಾರೆ. ವಿನ್ಯಾಸದ ಕೆಲಸ ಶುರುವಾಗುವುದೇ ಇಂಥ ತೀರ್ಮಾನಗಳಿಂದ. ಬಣ್ಣ, ಗುಂಡಿ, ಚಿತ್ರ ಎಲ್ಲ ಆಮೇಲಿನ ಮಾತು.

ಒತ್ತಿದ್ದಕ್ಕೆ, ಮುಟ್ಟಿದ್ದಕ್ಕೆ, ಆಡಿದ ಮಾತಿಗೆ ಮರುಉತ್ತರ ಕೊಡುವ ಮಾಧ್ಯಮಗಳ ಸಂಶೋಧನೆ ಬಹುಕಾಲ ಎಂಜಿನಿಯರುಗಳ ಕೈಯಲ್ಲಿತ್ತು. 1968ರಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಮೌಸ್ ಹಿಡಿದು ತೋರಿಸಿದ ಪ್ರಾತ್ಯಕ್ಷಿಕೆಯಾಗಲಿ, 1973ರ ಝೆರಾಕ್ಸ್ ಆಲ್ಟೊ ಆಗಲಿ ಆ ಜಗತ್ತಿನ ಕೂಸುಗಳು. ವಿನ್ಯಾಸಕಾರರನ್ನು ಕರೆಯುತ್ತಿದ್ದುದು ಸಾಮಾನ್ಯವಾಗಿ ಕೊನೆಗೆ, ಚೆಂದ ಮಾಡಲಿಕ್ಕೆ. 1969ರಲ್ಲಿ ಹರ್ಬರ್ಟ್ ಸೈಮನ್ ವಿನ್ಯಾಸಕ್ಕೂ ತನ್ನದೇ ವಿಜ್ಞಾನವಿದೆ ಎಂದು ವಾದಿಸಿದರು. 1993ರಲ್ಲಿ ಲಂಡನ್ನಿನ ಕ್ರಿಸ್ಟಫರ್ ಫ್ರೇಲಿಂಗ್ ವಿನ್ಯಾಸದ ಬಗೆಗಿನ ಸಂಶೋಧನೆ ಬೇರೆ, ವಿನ್ಯಾಸದ ಮೂಲಕವೇ ನಡೆಯುವ ಸಂಶೋಧನೆ ಬೇರೆ ಎಂದು ಬಿಡಿಸಿ ಹೇಳಿದರು. 2007ರಲ್ಲಿ ಝಿಮ್ಮರ್‌ಮನ್, ಫೋರ್ಲಿಝಿ, ಎವೆನ್ಸನ್ ಅದನ್ನು ಕಂಪ್ಯೂಟರ್ ಸಂಶೋಧನೆಯ ಒಂದು ವಿಧಾನವೆಂದೇ ಮಂಡಿಸಿದರು: ಒಂದು ವಸ್ತುವನ್ನು ಮಾಡಿ ಜನರ ಮಧ್ಯೆ ಇಡುವುದೇ ಪ್ರಶ್ನೆ ಕೇಳುವ ಬಗೆ, ಅದು ಮುಗ್ಗರಿಸಿದ ಕಡೆಯೇ ಉತ್ತರ. ನಮ್ಮಲ್ಲಿ ವಿನ್ಯಾಸ ಶಿಕ್ಷಣದ ಬಗ್ಗೆ ಈಮ್ಸ್ ದಂಪತಿ 1958ರಲ್ಲಿ ಕೊಟ್ಟ ವರದಿ, 1961ರ ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿ, 1969ರ ಐಐಟಿ ಬಾಂಬೆಯ ವಿನ್ಯಾಸ ಕೇಂದ್ರ ಐಡಿಸಿ ಈ ದಾರಿಗೆ ನೆಲ ಹದ ಮಾಡಿದ್ದವು. ಆದರೆ ಅಸಲಿ ಪರೀಕ್ಷೆ ನಡೆದದ್ದು ಹಳ್ಳಿಗಳಲ್ಲಿ.

ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ 1998ರಲ್ಲಿ ಪುದುಚೇರಿಯ ಹಳ್ಳಿಗಳಲ್ಲಿ ಮಾಹಿತಿ ಕೇಂದ್ರಗಳನ್ನು ತೆರೆಯಿತು. ಮೀನುಗಾರರ ಊರು ವೀರಾಂಪಟ್ಟಿನಂನಲ್ಲಿ ಅಮೆರಿಕದ ನೌಕಾಪಡೆಯ ವೆಬ್‌ಸೈಟಿನಿಂದ ಅಲೆಗಳ ಎತ್ತರದ ಮುನ್ಸೂಚನೆ ಇಳಿಸಿಕೊಂಡು, ತಮಿಳಿಗೆ ತಂದು, ಧ್ವನಿವರ್ಧಕದಲ್ಲಿ ಕಡಲ ದಂಡೆಗೆಲ್ಲ ಕೇಳುವಂತೆ ಕೂಗಿ ಹೇಳುತ್ತಿದ್ದರು. ಮೀನುಗಾರ ಕಂಪ್ಯೂಟರ್ ಮುಟ್ಟುವುದೇ ಬೇಡ. ಕಂಪ್ಯೂಟರಿಗೂ ಕಡಲಿಗೂ ನಡುವೆ ಒಬ್ಬ ಮನುಷ್ಯ, ಒಂದು ಮೈಕು. ಇದನ್ನು ಆಗ ವಿನ್ಯಾಸವೆಂದು ಯಾರೂ ಹೊಗಳಿದ ಹಾಗಿಲ್ಲ. ನನ್ನ ಮಟ್ಟಿಗೆ ಈ ಕ್ಷೇತ್ರದ ಮೊದಲ ಒಳ್ಳೆಯ ವಿನ್ಯಾಸ ಅದೇ.

ಅದೇ ವರ್ಷ ಬೆಂಗಳೂರಿನಲ್ಲಿ ನಡೆದ ವಿಚಾರಸಂಕಿರಣವೊಂದರಿಂದ ಸಿಂಪ್ಯೂಟರ್ ಕನಸು ಹುಟ್ಟಿತು. ಐಐಎಸ್‌ಸಿಯ ಸ್ವಾಮಿ ಮನೋಹರ್, ವಿಜಯ್ ಚಂದ್ರು ಮುಂತಾದವರೂ ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆಯವರೂ ಸೇರಿ, 2001ರಲ್ಲಿ ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರಿನ ಮಾದರಿಯನ್ನು ತೋರಿಸಿದರು. ಕನ್ನಡದಲ್ಲಿ ಓದಿ ಹೇಳುವ ತಂತ್ರಾಂಶ, ಒಂದೇ ಸಾಧನವನ್ನು ಊರಿಗೆ ಊರೇ ಹಂಚಿಕೊಳ್ಳಲೆಂದು ತಲೆಗೊಂದು ಸ್ಮಾರ್ಟ್‌ಕಾರ್ಡು, ಯೋಚನೆಯಲ್ಲಿ ಕೊರತೆಯಿರಲಿಲ್ಲ. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಎಂಬ ಸಿಂಪ್ಯೂಟರ್ ಮಾರುಕಟ್ಟೆಗೂ ಬಂತು, ಹೆಚ್ಚು ಮಾರಾಟವಾಗಲಿಲ್ಲ. ಸೋತಿತೆಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಯಂತ್ರದ ಮೇಲೆ ಸುರಿದಷ್ಟು ಬುದ್ಧಿಯನ್ನು ಅದನ್ನು ಊರಲ್ಲಿ ಯಾರು ಇಟ್ಟುಕೊಳ್ಳುತ್ತಾರೆ, ಯಾರು ನಡೆಸುತ್ತಾರೆ ಎಂಬುದರ ಮೇಲೆ ಸುರಿಯಲಿಲ್ಲ ಎಂಬುದು ನನ್ನ ಅನಿಸಿಕೆ. ಅದೇ ಕಾಲದಲ್ಲಿ ಕರ್ನಾಟಕದ ಭೂದಾಖಲೆಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆಯಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಯಂತ್ರದಲ್ಲಿ ಹೊಸತೇನಿಲ್ಲ. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಗುಮಾಸ್ತನ ತೆರೆಯ ಜೊತೆಗೆ ರೈತನ ಕಡೆ ಮುಖ ಮಾಡಿದ ಎರಡನೆಯ ತೆರೆಯೊಂದನ್ನು ಇಟ್ಟರು. ತನ್ನ ಸರ್ವೆ ನಂಬರಿಗೆ ಏನು ಟೈಪಾಗುತ್ತಿದೆ ಎಂಬುದು 15 ರೂಪಾಯಿ ಕೊಟ್ಟು ಪಹಣಿ ಕೇಳಿದವನ ಕಣ್ಣಿಗೇ ಬೀಳಬೇಕು! ಕಚೇರಿಯ ಅಧಿಕಾರದ ಲೆಕ್ಕಾಚಾರವನ್ನು ಒಂದು ಮಾನಿಟರು ಅಷ್ಟರಮಟ್ಟಿಗೆ ಅಲುಗಾಡಿಸಿತು.

ಮತ್ತೆ ದಿಂಡಿಗಲ್, ತೇನಿ ಸೀಮೆಗೆ ಬರೋಣ. 2004ರ ಅಕ್ಟೋಬರ್ 18ರಂದು ಇಸ್ರೋ ಮತ್ತು ಸ್ವಾಮಿನಾಥನ್ ಪ್ರತಿಷ್ಠಾನ ಉಪಗ್ರಹದ ಮೂಲಕ ಜೋಡಿಸಿದ ಮೊದಲ ಗ್ರಾಮ ಸಂಪನ್ಮೂಲ ಕೇಂದ್ರಗಳಲ್ಲಿ ದಿಂಡಿಗಲ್ ಜಿಲ್ಲೆಯ ಸೆಂಬಟ್ಟಿಯೂ ಒಂದು. ಆ ಕೇಂದ್ರದ ಜೊತೆ ಸೇರಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಿಂದ ಬಂದ ಮೆಡಲೀನ್ ಪ್ಲೋಶೆ ಮತ್ತು ಸಂಗಡಿಗರು ಮಾತಿಗೆ ಉತ್ತರಿಸುವ ವ್ಯವಸ್ಥೆಯೊಂದನ್ನು ಪರೀಕ್ಷೆಗಿಟ್ಟರು. ವಿಷಯ ಬೆಳೆ, ಬೆಲೆ, ಹವಾಮಾನ. ಮುಂದೆ ಬಾಳೆ ಬೇಸಾಯವೂ ಸೇರಿತು. ಅವರು ಹಿಡಿದ ಕ್ರಮ ಗಮನಿಸಬೇಕಾದ್ದು. ಮೊದಲ ಹಂತದಲ್ಲಿ ಯಂತ್ರಕ್ಕೆ ಮಾತು ಅರ್ಥವಾಗುತ್ತಿರಲಿಲ್ಲ. ಹಿಂದೆ ಕೂತ ಮನುಷ್ಯನೊಬ್ಬ ಕೇಳಿಸಿಕೊಂಡು ಗುಂಡಿ ಒತ್ತುತ್ತಿದ್ದ. ಯಂತ್ರ ಕಟ್ಟುವುದಕ್ಕೆ ಮುಂಚೆಯೇ ಜನ ಅದರ ಜೊತೆ ಹೇಗೆ ಮಾತಾಡುತ್ತಾರೆಂದು ತಿಳಿಯಲು ಈ ನಾಟಕ. ಆಮೇಲೆ ಕೆಲವೇ ಪದಗಳ ಶಬ್ದಕೋಶ ಇಟ್ಟುಕೊಂಡು, ಹಳ್ಳಿಯವರು ವ್ಯವಸ್ಥೆಯನ್ನು ಬಳಸುವಾಗ ಆಡಿದ ಮಾತನ್ನೇ ಹಿಡಿದು ಅದಕ್ಕೆ ಕಲಿಸಿದರು. ಆಡುನುಡಿ ಊರಿಂದೂರಿಗೆ ಬದಲಾಗುವ ಕಡೆ ದೊಡ್ಡ ಶಬ್ದಕೋಶಕ್ಕಿಂತ ಸಣ್ಣದೇ ಮೇಲು ಎಂಬ ಈ ವಾದ ಆ ಕಾಲಕ್ಕೆ ದಿಟ್ಟತನದ್ದು. ಒಂದೇ ಒಂದು ಮಾತು: ಅಲ್ಲಿ ಆಡುನುಡಿ ಎಂದರೆ ತಮಿಳಿನ ಒಳಗಿನ ಭೇದ. ಅದೇ ಜಿಲ್ಲೆಯ ಕನ್ನಡದ ಮನೆಗಳು ಆ ಅಧ್ಯಯನದ ಚೌಕಟ್ಟಿನೊಳಕ್ಕೆ ಬರಲಿಲ್ಲ.

ತೇನಿಯದು ಇನ್ನೂ ದೊಡ್ಡ ಕಥೆ. ಅಲ್ಲಿನ ಅರವಿಂದ್ ಕಣ್ಣಾಸ್ಪತ್ರೆ ಸುತ್ತಲಿನ ಊರುಗಳಲ್ಲಿ ವಿಷನ್ ಸೆಂಟರುಗಳನ್ನು ತೆರೆದು, ಬರ್ಕ್‌ಲಿಯ ಎರಿಕ್ ಬ್ರೂವರ್ ತಂಡ ಹಾಗೂ ಇಂಟೆಲ್ ಜೊತೆ ಸೇರಿ ಅವನ್ನು ದೂರಗಾಮಿ ವೈಫೈಯಿಂದ ಆಸ್ಪತ್ರೆಗೆ ಜೋಡಿಸಿತು. 2006ರ ಹೊತ್ತಿಗೆ ಕೊಂಡಿಗಳು ಕೆಲಸ ಮಾಡುತ್ತಿದ್ದವು. ಮನೆಯೊಳಗಿನ ದೂರಕ್ಕೆಂದು ಮಾಡಿದ ವೈಫೈ ನಿಯಮಗಳನ್ನು ಕಿಲೋಮೀಟರುಗಟ್ಟಲೆ ದೂರಕ್ಕೆ ಹೊಂದುವಂತೆ ತಿದ್ದಿದ್ದೇನೋ ಎಂಜಿನಿಯರುಗಳ ಸಾಧನೆ. ಆದರೆ ರೋಗಿಯ ಮುಂದೆ ಕೂರುವವಳು ತರಬೇತಾದ ಅದೇ ಪ್ರದೇಶದ ಹುಡುಗಿ. ಸ್ಲಿಟ್ ಲ್ಯಾಂಪಿನಲ್ಲಿ ಕಣ್ಣು ನೋಡಿ, ವಿವರ ತುಂಬಿ, ಆಮೇಲೆ ವೆಬ್‌ಕ್ಯಾಮಿನ ಮುಂದೆ ಕೂರಿಸಿ ತೇನಿಯ ಡಾಕ್ಟರ ಜೊತೆ ಮಾತಾಡಿಸುತ್ತಾಳೆ. ಡಾಕ್ಟರು ಮುಖ ನೋಡಿ ಎರಡು ಮಾತು ಆಡಿದರೆ ರೋಗಿಗೆ ಧೈರ್ಯ. ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ ಒಂದು ದಿನದ ಕೂಲಿ ಕಳೆದುಕೊಳ್ಳುವುದು ಎಷ್ಟೋ ಜನರಿಗೆ ತಪ್ಪಿತು.

ಈ ತಂಡ 2008ರಲ್ಲಿ ಪ್ರಕಟಿಸಿದ ಪ್ರಬಂಧಗಳನ್ನು ಓದುವುದೇ ಒಂದು ಪಾಠ. ಜಂಬದ ಗ್ರಾಫುಗಳ ನಡುವೆ ಕರೆಂಟಿನ ಗೋಳು ತುಂಬಿದೆ: ವೋಲ್ಟೇಜು ಏಕಾಏಕಿ ಏರಿ ಸುಟ್ಟುಹೋದ ಬೋರ್ಡುಗಳು, ಪದೇಪದೇ ಕರೆಂಟು ಹೋಗಿ ಕೆಟ್ಟ ಮೆಮೊರಿ ಕಾರ್ಡುಗಳು. ವೋಲ್ಟೇಜು ತೀರಾ ಇಳಿದಾಗ ಉಪಕರಣ ತಾನಾಗಿ ಕಡಿದುಕೊಳ್ಳುವ ಸರ್ಕ್ಯೂಟನ್ನು ಕೊನೆಗೆ ಅವರು ಸೇರಿಸಿದರು. ಹೊಸ ಜಾಲ ಹಾಕುವುದಕ್ಕಿಂತ ಹಾಕಿದ್ದನ್ನು ಜೀವಂತ ಇಡುವುದೇ ಕಷ್ಟ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡದ್ದರಿಂದ ಆ ಬರಹಗಳಿಗೆ ತೂಕ ಬಂದಿದೆ. ಆಸ್ಪತ್ರೆಯ ಸಿಬ್ಬಂದಿಯೇ ರಿಪೇರಿ ಮಾಡಿಕೊಳ್ಳುವಷ್ಟು ಸರಳವಾಗಿರಬೇಕು ಎನ್ನುವುದು ವಿನ್ಯಾಸದ ಷರತ್ತಾಯಿತು.

ಬೆಂಗಳೂರಿನಲ್ಲಿ 2005ರ ಜನವರಿಯಲ್ಲಿ ಶುರುವಾದ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಕೆಂಟಾರೊ ತೊಯಾಮಾ ಅವರ ಗುಂಪು ಇದೇ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿಯಿತು. ಇಂದ್ರಾಣಿ ಮೇಧಿ ಕೆಲಸ ಹುಡುಕಿಕೊಳ್ಳಲು ಅಕ್ಷರವೇ ಇಲ್ಲದ ತೆರೆಯನ್ನು ಮನೆಗೆಲಸದ ಹೆಂಗಸರ ಜೊತೆ ಕೂತು ರೂಪಿಸಿದರು. ಬರಿಯ ಪಾತ್ರೆಗಳ ಚಿತ್ರ ಬರೆದರೆ ಅವರಿಗೆ ಅದು ಅಡುಗೆಮನೆ. ನಲ್ಲಿಯಿಂದ ನೀರು ಸುರಿಯುವುದನ್ನೂ ಸೇರಿಸಿದರೆ ಪಾತ್ರೆ ತೊಳೆಯುವ ಕೆಲಸ. ಅದಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು. ಈ ಪೆಟ್ಟಿಗೆಯೊಳಗೆ ಕೆಲಸದ ಸುದ್ದಿ ಹೇಗೆ ಬಂತು, ಅದರಿಂದ ತಮಗೇನು ಎಂಬುದೇ ಅವರಿಗೆ ಹೊಳೆಯುತ್ತಿರಲಿಲ್ಲ. ಕೆಲಸ ಕೊಡುವ ಮನೆಯಿಂದ ಹಿಡಿದು ಇಡೀ ಕಥೆಯನ್ನು ನಾಟಕದ ಹಾಗೆ ತೋರಿಸುವ ವಿಡಿಯೊ ಇಟ್ಟ ಮೇಲೆ ದಾರಿ ತೆರೆಯಿತು. ಅದೇ ಪ್ರಯೋಗಾಲಯದಿಂದ ಹೊರಟ ಡಿಜಿಟಲ್ ಗ್ರೀನ್, ಗ್ರೀನ್ ಫೌಂಡೇಶನ್ ಜೊತೆ ಕರ್ನಾಟಕದ ಹಳ್ಳಿಗಳಲ್ಲಿ ಆ ಊರಿನ ರೈತರನ್ನೇ ವಿಡಿಯೊದಲ್ಲಿ ಚಿತ್ರಿಸಿ, ಅದನ್ನು ನಡುನಡುವೆ ನಿಲ್ಲಿಸಿ ಚರ್ಚೆಗೆ ಎಳೆಯುವ ಒಬ್ಬರನ್ನು ಟೀವಿಯ ಪಕ್ಕ ಕೂರಿಸಿತು. ಮತ್ತೆ ಅದೇ: ನಡುವೆ ಒಬ್ಬ ಮನುಷ್ಯ. ಒಬ್ಬರಿಗೊಂದು ಯಂತ್ರ, ಬೇರೆ ಯಾರ ಹಂಗೂ ಬೇಡ ಎಂಬ ಅಮೆರಿಕದ ಕಲ್ಪನೆಯನ್ನು ನಮ್ಮ ಹಳ್ಳಿಗಳು ಹೀಗೆ ಮತ್ತೆ ಮತ್ತೆ ತಿದ್ದಿವೆ. ತಂತ್ರಜ್ಞಾನ ಇರುವ ಶಕ್ತಿಯನ್ನು ಹಿಗ್ಗಿಸುತ್ತದೆಯೇ ಹೊರತು ಇಲ್ಲದ್ದನ್ನು ಹುಟ್ಟಿಸುವುದಿಲ್ಲ ಎಂದು ತೊಯಾಮಾ 2015ರ ಪುಸ್ತಕದಲ್ಲಿ ವಾದಿಸಿದ್ದಕ್ಕೆ ಇಂಥ ಅನುಭವಗಳೇ ಬೆನ್ನೆಲುಬು.

ಸಂಶೋಧಕರು ಅಷ್ಟಾಗಿ ತಿರುಗಿ ನೋಡದ ಉದಾಹರಣೆಯೊಂದು ಗೂಡಲೂರಿಗೆ ಹತ್ತಿರವೇ ಇದೆ. ಬೋಡಿನಾಯಕನೂರಿನ ಏಲಕ್ಕಿ ಹರಾಜು ಈಗ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಕೂಗುವ ಬದಲು ವ್ಯಾಪಾರಿ ಗುಂಡಿ ಒತ್ತುತ್ತಾನೆ. ಆದರೂ ಲಾಟಿನ ಮಾದರಿ ಏಲಕ್ಕಿ ಅವನ ಕೈಗೆ ಬರಲೇಬೇಕು. ಕಾಯಿಯ ಗಾತ್ರ, ಹಸಿರು ಬಣ್ಣ ನೋಡಿ, ಬಿಡಿಸಿ, ಮೂಸಿ ಆಮೇಲೆ ಬೆಲೆ. ಕೂಗಾಟವನ್ನು ತೆಗೆದು ಮೂಗನ್ನು ಉಳಿಸಿಕೊಂಡ ಈ ಏರ್ಪಾಟು ಯಾವ ವಿನ್ಯಾಸ ಶಾಲೆಯ ಪಠ್ಯದಲ್ಲಾದರೂ ಇರಬೇಕಿತ್ತು.

ಕನ್ನಡದ ಬರವಣಿಗೆಯ ಮಟ್ಟಿಗೆ ವಿನ್ಯಾಸದ ಚರಿತ್ರೆ ಕಡಿಮೆಯದಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ‘ನುಡಿ’ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳನ್ನೆಲ್ಲ ಹೊಕ್ಕಿತು. ಅನಿರುದ್ಧ ಜೋಶಿ ಅವರ ತಂಡ ಐಡಿಸಿಯಲ್ಲಿ ರೂಪಿಸಿದ ‘ಸ್ವರಚಕ್ರ’ ಎಂಬ ಫೋನಿನ ಕೀಲಿಮಣೆಯಲ್ಲಿ ವ್ಯಂಜನವೊಂದನ್ನು ಮುಟ್ಟಿದರೆ ಸುತ್ತ ಅದರ ಕಾಗುಣಿತವೇ ಚಕ್ರವಾಗಿ ಅರಳುತ್ತದೆ. ಇವೆಲ್ಲ ಅಕ್ಷರ ಬಲ್ಲವರ ಸೌಕರ್ಯ. ಅಕ್ಷರವಿಲ್ಲದ ಕನ್ನಡಕ್ಕೆ ಧ್ವನಿಯೊಂದೇ ದಾರಿ. ಐಐಎಸ್‌ಸಿ ಮತ್ತು ಗೂಗಲ್‌ನ ‘ವಾಣಿ’ ಯೋಜನೆ ಭಾಷೆಯ ಲೆಕ್ಕಕ್ಕಿಂತ ಜಿಲ್ಲೆಯ ಲೆಕ್ಕ ಹಿಡಿದು ದೇಶದ ಮಾತನ್ನು ಸಂಗ್ರಹಿಸುತ್ತಿದೆ. ಓದಲು ವಾಕ್ಯ ಕೊಡುವುದಿಲ್ಲ. ಚಿತ್ರ ತೋರಿಸಿ ‘ಇದರ ಬಗ್ಗೆ ಹೇಳಿ’ ಎನ್ನುತ್ತಾರೆ. ಲಿಪಿ ಗೊತ್ತಿಲ್ಲದ ಅಜ್ಜಿಯ ಕನ್ನಡವೂ ಒಳಗೆ ಬರಬಹುದಾದ ಬಾಗಿಲು ಇದು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ತೇನಿಯ ಕನ್ನಡ ತಾನಾಗಿ ನಡೆದುಬರುವುದಿಲ್ಲ. ಕನ್ನಡ ವಿಶ್ವವಿದ್ಯಾಲಯವೂ ಬೆಂಗಳೂರಿನ ವಿನ್ಯಾಸ ಶಾಲೆಗಳೂ ಕೂಡಿ ಗೂಡಲೂರು, ಕಂಬಂ, ದಿಂಡಿಗಲ್ಲಿನ ಕನ್ನಡದ ಮನೆಗಳಿಗೆ ಹೋಗಿ, ಅಲ್ಲಿನವರನ್ನೇ ನಡುವೆ ಕೂರಿಸಿಕೊಂಡು, ತಮಿಳು ಅಕ್ಷರ ತೋರಿಸಿ ಕನ್ನಡ ಮಾತು ಕೇಳಿಸಿಕೊಳ್ಳುವ ಒಂದು ಫೋನು ಸೇವೆಯನ್ನಾದರೂ ಪ್ರಯೋಗಕ್ಕೆ ಇಡಲಿ. ತಂತ್ರಜ್ಞಾನ ಕೈಗೆಟಕುವಷ್ಟು ಹತ್ತಿರದಲ್ಲಿದೆ, ಆ ಕನ್ನಡ ಆಡುವವರು ಇನ್ನೂ ಇದ್ದಾರೆ.