ಮುಚ್ಚಿದ ಪೊಟ್ಟಣದ ಆಸೆ: ಪೋಕೆಮಾನ್ ಸಂಗ್ರಹದ ಚರಿತ್ರೆ

ಮಕ್ಕಳು ಏನನ್ನೂ ಕೂಡಿಡದ ಸಮಾಜ ಬಹುಶಃ ಎಲ್ಲಿಯೂ ಇರಲಾರದು. ಗೋಲಿ, ಕವಡೆ, ನವಿಲುಗರಿ, ಬೆಂಕಿಪೊಟ್ಟಣದ ಚಿತ್ರ, ಅಂಚೆಚೀಟಿ ಮೊದಲಾದವು ದೊಡ್ಡವರ ಕಣ್ಣಿಗೆ ಕಸವಾಗಿ ಕಂಡರೂ ಮಗುವಿನ ಡಬ್ಬಿಯಲ್ಲಿ ಅವು ಆಸ್ತಿಯೇ. ಆದರೆ ಹಿಂದಿನ ಮಕ್ಕಳು ಹೆಚ್ಚಾಗಿ ದಾರಿಯಲ್ಲಿ ಸಿಕ್ಕಿದ್ದನ್ನು ಕೂಡಿಡುತ್ತಿದ್ದರು. ಇಂದಿನ ಮಕ್ಕಳ ಕೈಗೆ ಬರುವುದು ಕೂಡಿಡಲಿ ಎಂದೇ ಕಾರ್ಖಾನೆಯಲ್ಲಿ ತಯಾರಾದ ವಸ್ತು. ಈ ಬದಲಾವಣೆಯ ಕಥೆಯನ್ನು ತಿಳಿಯಲು ಜಪಾನಿನ ಪೋಕೆಮಾನ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ವಿಡಿಯೋ ಗೇಮ್ ಆಗಿ ಹುಟ್ಟಿ, ಗೊಂಬೆ, ಕಾರ್ಡು, ಕಾರ್ಟೂನ್, ಮೊಬೈಲ್ ಆಟವಾಗಿ ಜಗತ್ತನ್ನೆಲ್ಲ ಸುತ್ತಿದ ಈ ಸರಣಿ, ಹೋದಲ್ಲೆಲ್ಲ ಧರ್ಮಗುರುಗಳನ್ನೂ ನ್ಯಾಯಾಲಯಗಳನ್ನೂ ಸರಕಾರಗಳನ್ನೂ ಎದುರಿಸಬೇಕಾಯಿತು. ಅದನ್ನು ನಿಷೇಧಿಸಿದ್ದ ಒಂದು ದೇಶದ ಸರಕಾರಿ ಹಣವೇ ಕಾಲು ಶತಮಾನದ ನಂತರ ಅದರ ಅತಿ ಜನಪ್ರಿಯ ಮೊಬೈಲ್ ಆಟದ ಒಡೆತನ ಪಡೆಯಿತು.

ಹುಳ ಹಿಡಿಯುತ್ತಿದ್ದ ಹುಡುಗ

ಪೋಕೆಮಾನ್‌ನ ಜನಕ ಸತೋಶಿ ತಾಜಿರಿ ಹುಟ್ಟಿದ್ದು 1965ರಲ್ಲಿ. ಬೆಳೆದದ್ದು ಟೋಕಿಯೋದ ಹೊರವಲಯದ ಮಾಚಿದಾದಲ್ಲಿ. ಹೊಲ, ಕೆರೆ, ಪೊದೆಗಳ ನಡುವೆ ಜೀರುಂಡೆಗಳನ್ನು ಹುಡುಕಿ ಹಿಡಿಯುವುದು ಅವನ ಹುಚ್ಚು. ಜಪಾನಿನ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಇದು ಹಳೆಯ ಆಟ. ಆದರೆ ನಗರ ಬೆಳೆಯುತ್ತಾ ಬಂತು. ಹೊಲಗಳು ಮನೆಗಳಾದವು, ಮೀನು ಹಿಡಿಯುತ್ತಿದ್ದ ಹೊಂಡವಿದ್ದಲ್ಲಿ ವಿಡಿಯೋ ಗೇಮ್ ಅಂಗಡಿ ಬಂತು. ಹುಳ ಹಿಡಿಯುತ್ತಿದ್ದ ಹುಡುಗ ಆ ಅಂಗಡಿಯೊಳಗೆ ಹೋದ. 1983ರಲ್ಲಿ 'ಗೇಮ್ ಫ್ರೀಕ್' ಎಂಬ ಪುಟ್ಟ ಪತ್ರಿಕೆಯನ್ನು ತಾನೇ ಹೊರಡಿಸಿದ. 1989ರಲ್ಲಿ ಅದೇ ಹೆಸರಿನ ಕಂಪನಿ ಕಟ್ಟಿದ.

ಅದೇ ವರ್ಷ ನಿಂಟೆಂಡೋ ಕಂಪನಿ 'ಗೇಮ್ ಬಾಯ್' ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರವನ್ನು ಮಾರುಕಟ್ಟೆಗೆ ತಂದಿತ್ತು. ಎರಡು ಯಂತ್ರಗಳನ್ನು ಒಂದು ತಂತಿಯಿಂದ ಜೋಡಿಸಬಹುದಿತ್ತು. ಬೇರೆಯವರು ಆ ತಂತಿಯನ್ನು ಸ್ಪರ್ಧೆಗೆ ಬಳಸಿದರೆ, ತಾಜಿರಿಗೆ ಹುಳವೊಂದು ಅದರ ಮೇಲೆ ತೆವಳುತ್ತಾ ಒಬ್ಬರ ಯಂತ್ರದಿಂದ ಇನ್ನೊಬ್ಬರ ಯಂತ್ರಕ್ಕೆ ಹೋಗುವ ಚಿತ್ರ ಹೊಳೆಯಿತು. ಸುಮಾರು ಆರು ವರ್ಷಗಳ ದುಡಿಮೆಯ ನಂತರ, 1996ರ ಫೆಬ್ರವರಿ 27ರಂದು 'ಪಾಕೆಟ್ ಮಾನ್‌ಸ್ಟರ್ಸ್' ಎಂಬ ಆಟ 'ಕೆಂಪು' ಮತ್ತು 'ಹಸಿರು' ಎಂಬ ಎರಡು ಆವೃತ್ತಿಗಳಲ್ಲಿ ಹೊರಬಂತು. ಪೋಕೆಮಾನ್ ಎಂಬುದು ಈ ಹೆಸರಿನ ಸಂಕ್ಷೇಪ.

ಆಟದಲ್ಲಿದ್ದ ಜೀವಿಗಳು 151. ಆದರೆ ಕೆಲವು ಕೆಂಪಿನಲ್ಲಿ ಮಾತ್ರ ಸಿಗುತ್ತಿದ್ದವು, ಕೆಲವು ಹಸಿರಿನಲ್ಲಿ ಮಾತ್ರ. ಇನ್ನು ಕೆಲವು ಗೆಳೆಯನ ಯಂತ್ರಕ್ಕೆ ದಾಟಿದ ಮೇಲೆಯೇ ತಮ್ಮ ಪೂರ್ಣ ರೂಪ ಪಡೆಯುತ್ತಿದ್ದವು. ಎಷ್ಟು ಜಾಣನಾದರೂ ಒಬ್ಬನೇ ಕೂತು ಸಂಗ್ರಹ ಪೂರ್ತಿ ಮಾಡುವಂತಿರಲಿಲ್ಲ. ನನ್ನದನ್ನು ಕೊಡದೆ ನನಗೆ ಬೇಕಾದದ್ದು ಸಿಗದು ಎಂಬುದು ಈ ಆಟದ ನಿಯಮವಾಗಿತ್ತು. ಪೋಕೆಮಾನ್ ಬಗ್ಗೆ ಮುಂದೆ ನಡೆದ ವಾಗ್ವಾದಗಳಲ್ಲಿ ಯಾರೂ ಹೆಚ್ಚು ಗಮನಿಸದೆ ಹೋದದ್ದು ಇದನ್ನೇ.

ಪೊಟ್ಟಣದೊಳಗಿನ ಗೊಂಬೆ

ಆಟ ಗೆದ್ದ ಕೂಡಲೇ ಗೊಂಬೆಗಳು ಬಂದವು. ಜಪಾನಿನಲ್ಲಿ ಇದಕ್ಕೊಂದು ಪರಂಪರೆಯೇ ಇತ್ತು. 1920ರ ದಶಕದಲ್ಲೇ ಗ್ಲಿಕೋ ಎಂಬ ಮಿಠಾಯಿ ಕಂಪನಿ ತನ್ನ ಡಬ್ಬಿಯೊಳಗೆ ಪುಟ್ಟ ಆಟಿಕೆ ಇಟ್ಟು ಮಾರಿತ್ತು. 1960ರ ದಶಕದಲ್ಲಿ ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಗುಂಡಗಿನ ಕ್ಯಾಪ್ಸೂಲ್ ಉದುರುವ ಯಂತ್ರಗಳು ಅಮೆರಿಕದಿಂದ ಬಂದವು. ಒಳಗೆ ಯಾವ ಗೊಂಬೆ ಇದೆಯೆಂದು ತೆರೆದ ಮೇಲೆಯೇ ಗೊತ್ತಾಗಬೇಕು. ತಾಜಿರಿ ತನ್ನ ಆಟಕ್ಕೆ ಮೊದಲು ಇಟ್ಟಿದ್ದ ಹೆಸರೂ 'ಕ್ಯಾಪ್ಸೂಲ್ ಮಾನ್‌ಸ್ಟರ್ಸ್' ಎಂದೇ. ಬಂಡಾಯ್ ಕಂಪನಿ ಬೆರಳಿಗೆ ಸಿಕ್ಕಿಸಿಕೊಳ್ಳುವ ಪೋಕೆಮಾನ್ ಗೊಂಬೆಗಳನ್ನು ಮಿಠಾಯಿಯೊಡನೆ ಮಾರಿತು. ಟೋಮಿ ಕಂಪನಿ ಅಂಗೈಯಲ್ಲಿ ಮುಚ್ಚಿಡಬಹುದಾದ ಪುಟ್ಟ ಪ್ಲಾಸ್ಟಿಕ್ ಪ್ರತಿಮೆಗಳನ್ನು ತಯಾರಿಸಿತು. 1996ರ ಅಕ್ಟೋಬರ್‌ನಲ್ಲಿ ಕಾರ್ಡುಗಳು, 1997ರ ಏಪ್ರಿಲ್‌ನಲ್ಲಿ ಟಿವಿ ಕಾರ್ಟೂನ್ ಆರಂಭವಾದವು. 1998ರಲ್ಲಿ ಇದೆಲ್ಲ ಅಮೆರಿಕಕ್ಕೆ ಹೋದಾಗ 'ಎಲ್ಲವನ್ನೂ ಹಿಡಿಯಲೇಬೇಕು' ಎಂಬ ಅರ್ಥದ ಘೋಷವಾಕ್ಯವೂ ಜೊತೆಗಿತ್ತು.

ಇಲ್ಲಿ ಒಂದು ಪಲ್ಲಟ ನಡೆಯಿತು. ಗೇಮ್‌ನಲ್ಲಿ ಇಲ್ಲದ ಜೀವಿಗಾಗಿ ಮಗು ಗೆಳೆಯನನ್ನು ಹುಡುಕಬೇಕಿತ್ತು. ಪೊಟ್ಟಣದ ವ್ಯವಹಾರದಲ್ಲಿ ಇನ್ನೊಂದು ಪೊಟ್ಟಣ ಕೊಂಡರೆ ಸಾಕು. ಮಕ್ಕಳು ಶಾಲೆಯ ಅಂಗಳದಲ್ಲಿ ವಿನಿಮಯವನ್ನು ಮುಂದುವರಿಸಿದರು ನಿಜ, ಆದರೆ ಲಾಭ ಇದ್ದದ್ದು ಮುಚ್ಚಿದ ಪೊಟ್ಟಣದಲ್ಲಿ. 1999ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಪೋಷಕರು, ಅಪರೂಪದ ಕಾರ್ಡಿನ ಆಸೆ ತೋರಿಸಿ ಪೊಟ್ಟಣ ಮಾರುವುದು ಮಕ್ಕಳಿಗೆ ಜೂಜು ಕಲಿಸಿದಂತೆ ಎಂದು ನ್ಯಾಯಾಲಯಕ್ಕೂ ಹೋದರು.

ಅದೇ ವರ್ಷದ ಇನ್ನೆರಡು ಘಟನೆಗಳನ್ನು ಜೊತೆಗಿಟ್ಟು ನೋಡಬೇಕು. ಅಮೆರಿಕದ ಕೊಲರಾಡೋದಲ್ಲಿ ಪಾದ್ರಿಯೊಬ್ಬರು ಪೋಕೆಮಾನ್ ಸೈತಾನನ ಕೆಲಸವೆಂದು ಮಕ್ಕಳೆದುರೇ ಕಾರ್ಡುಗಳನ್ನು ಸುಟ್ಟರು. ವರ್ಷದ ಕೊನೆಗೆ ಬರ್ಗರ್ ಕಿಂಗ್ ಕಂಪನಿ ತಿಂಡಿಯೊಡನೆ ಕೊಟ್ಟ ಪ್ಲಾಸ್ಟಿಕ್ ಚೆಂಡಿನ ಅರ್ಧಹೋಳು ಮೂಗು ಬಾಯಿಗಳನ್ನು ಮುಚ್ಚಿ 13 ತಿಂಗಳ ಹಸುಳೆಯೊಂದು ಸತ್ತಿತು. ಒಳಗೊಂದು ಪೋಕೆಮಾನ್ ಗೊಂಬೆಯಿದ್ದ ಅಂತಹ ಎರಡೂವರೆ ಕೋಟಿಗೂ ಹೆಚ್ಚು ಚೆಂಡುಗಳನ್ನು ಡಿಸೆಂಬರ್ 27ರಂದು ಹಿಂದಕ್ಕೆ ಕರೆಯಲಾಯಿತು. ಸೈತಾನನನ್ನು ಹುಡುಕುತ್ತಿದ್ದ ಕಣ್ಣುಗಳಿಗೆ ಉಸಿರು ಕಟ್ಟಿಸುವ ಪ್ಲಾಸ್ಟಿಕ್ ಕಾಣಿಸಿರಲಿಲ್ಲ.

ಯಾರಿಗೆ ಏನು ಕಂಡಿತು?

1999ರಲ್ಲೇ ಅಮೆರಿಕದ ಯಹೂದಿ ಸಂಘಟನೆಯೊಂದು ಜಪಾನೀ ಕಾರ್ಡೊಂದರ ಮೇಲಿದ್ದ ಸ್ವಸ್ತಿಕದ ಬಗ್ಗೆ ಆಕ್ಷೇಪ ಎತ್ತಿತು. ಜಪಾನಿನಲ್ಲಿ ಅದು ಬೌದ್ಧರ ಮಂಗಳಚಿಹ್ನೆ. ನಮ್ಮಲ್ಲಿ ಅಂಗಡಿ, ಮನೆಗಳ ಹೊಸ್ತಿಲ ಮೇಲೂ ಕಾಣುವಂಥದು. ಆದರೆ ಹಿಟ್ಲರನ ಗಾಯ ಹೊತ್ತವರಿಗೆ ಅದು ಹಾಗೆ ಕಾಣಲಿಲ್ಲ. ನಿಂಟೆಂಡೋ ಆ ಕಾರ್ಡಿನ ತಯಾರಿಯನ್ನು ನಿಲ್ಲಿಸಲು ಒಪ್ಪಿತು. 2000ದಲ್ಲಿ ಟರ್ಕಿಯಲ್ಲಿ ಕಾರ್ಟೂನ್ ನೋಡಿ ಇಬ್ಬರು ಮಕ್ಕಳು ತಾವೂ ಪೋಕೆಮಾನ್ ಎಂದು ಮಹಡಿಯಿಂದ ಹಾರಿ ಗಾಯಗೊಂಡ ಮೇಲೆ ಅಲ್ಲಿ ಪ್ರಸಾರ ನಿಂತಿತು. ಅದೇ ವರ್ಷ ಇಟಲಿಯ ಕ್ಯಾಥೋಲಿಕ್ ಬಿಷಪರ ಉಪಗ್ರಹ ವಾಹಿನಿ ಮಾತ್ರ ಪೋಕೆಮಾನ್‌ನಲ್ಲಿ ಕೆಡುಕಿಲ್ಲ, ಕಲ್ಪನಾಶಕ್ತಿ ತುಂಬಿದೆ ಎಂದು ಮೆಚ್ಚಿತು.

ಅರಬ್ ದೇಶಗಳಲ್ಲಿ ಬೇರೆಯೇ ಗಾಳಿಮಾತು ಹಬ್ಬಿತು. ಪೋಕೆಮಾನ್ ಎಂದರೆ 'ನಾನು ಯಹೂದಿ' ಎಂದು ಅರ್ಥವಂತೆ, ಕಾರ್ಡುಗಳಲ್ಲಿ ಆರು ಮೂಲೆಯ ನಕ್ಷತ್ರವಿದೆಯಂತೆ ಎಂಬ ಮಾತುಗಳು ಮನೆಮನೆ ತಲುಪಿದವು. 2001ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ಮುಖ್ಯ ಮುಫ್ತಿಯವರು ಪೋಕೆಮಾನ್ ವಿರುದ್ಧ ಫತ್ವಾ ನೀಡಿದರು. ಆಟವೂ ಕಾರ್ಡುಗಳೂ ಅಲ್ಲಿ ನಿಷೇಧಕ್ಕೊಳಗಾದವು. ಜೂಜಿನ ಲಕ್ಷಣ, ವಿಕಾಸವಾದ, ಅನ್ಯಧರ್ಮದ ಚಿಹ್ನೆಗಳು ಎಂಬುವು ಅದರಲ್ಲಿನ ಮುಖ್ಯ ಆಕ್ಷೇಪಗಳು.

ಈ ಆಕ್ಷೇಪಗಳು ಒಂದೇ ತೂಕದವಲ್ಲ. ನಕ್ಷತ್ರದ ಮಾತು ಊಹೆ. 'ನಾನು ಯಹೂದಿ' ಎಂಬುದಂತೂ ಶುದ್ಧ ಸುಳ್ಳು. ಆದರೆ ಜೂಜಿನ ಮಾತು ಹಾಗಲ್ಲ. ಕ್ಯಾಲಿಫೋರ್ನಿಯಾದ ಪೋಷಕರ ಆತಂಕವೂ ಮುಫ್ತಿಯವರ ಆತಂಕವೂ ಇಲ್ಲಿ ಒಂದೇ ಕಡೆ ಸೇರುತ್ತವೆ. ಕುರ್‌ಆನ್ ಜೂಜನ್ನು ನಿಷೇಧಿಸುತ್ತದೆ. ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆಂದು ತಿಳಿಯದ ವ್ಯಾಪಾರವನ್ನು ಇಸ್ಲಾಮೀ ವ್ಯವಹಾರ ಶಾಸ್ತ್ರ 'ಗರರ್' ಎಂದು ಗುರುತಿಸಿ ಎಚ್ಚರಿಸುತ್ತದೆ. ಮುಚ್ಚಿದ ಪೊಟ್ಟಣವನ್ನು ಈ ಕಣ್ಣಿನಿಂದ ಚರ್ಚಿಸಿದ್ದರೆ ಜಗತ್ತಿಗೇ ಉಪಯೋಗವಾಗುತ್ತಿತ್ತು. ಆದರೆ ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾದದ್ದು ನಕ್ಷತ್ರ. ಗಟ್ಟಿಯಾದ ಪ್ರಶ್ನೆ ಗಾಳಿಮಾತಿನ ಕೆಳಗೆ ಹೂತುಹೋಯಿತು.

ಪ್ರಶ್ನೆ ಸತ್ತಿರಲಿಲ್ಲ. ಕ್ಯಾಪ್ಸೂಲ್ ಯಂತ್ರದ ಸದ್ದಿನಿಂದ ಬಂದ 'ಗಾಚಾ' ಎಂಬ ಹೆಸರಿನಲ್ಲೇ ಅದೇ ತಂತ್ರ ಮೊಬೈಲ್ ಆಟಗಳಿಗೆ ಹೊಕ್ಕಿತು. ಅದರ ಒಂದು ಬಗೆಯನ್ನು 2012ರಲ್ಲಿ ಜಪಾನ್ ಸರಕಾರವೇ ಕಾನೂನುಬಾಹಿರ ಎಂದಿತು. 2018ರಲ್ಲಿ ಬೆಲ್ಜಿಯಂ, ಗೇಮ್‌ಗಳಲ್ಲಿ ಹಣಕ್ಕೆ ಮಾರುವ ಅದೃಷ್ಟದ ಪೆಟ್ಟಿಗೆಗಳನ್ನು ಜೂಜೆಂದು ಘೋಷಿಸಿತು.

ನಮ್ಮ ಅಂಗಳದಲ್ಲಿ

ಭಾರತಕ್ಕೆ ಪೋಕೆಮಾನ್ ಕಾರ್ಟೂನ್ 2003ರಲ್ಲಿ ಬಂತು. ನಮ್ಮ ಬಹುಪಾಲು ಮಕ್ಕಳಿಗೆ ಗೇಮ್ ಬಾಯ್ ಕೈಗೆಟುಕದ ವಸ್ತು. ಅವರಿಗೆ ಸಿಕ್ಕಿದ್ದು ಚಿಪ್ಸ್ ಪೊಟ್ಟಣದೊಳಗಿನ ಟಾಜೋ ಎಂಬ ಪ್ಲಾಸ್ಟಿಕ್ ಬಿಲ್ಲೆ. ತಿಂಡಿಗಿಂತ ಬಿಲ್ಲೆಗೇ ಬೆಲೆ ಹೆಚ್ಚು. ಆದರೂ ಎರಡು ಬಂದವರು ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ತಾಜಿರಿಯ ಹಳೆಯ ನಿಯಮ ಶಾಲೆಯ ಬೆಂಚುಗಳಲ್ಲಿ ತಾನಾಗಿಯೇ ಜೀವ ಪಡೆಯಿತು. ಆ ಕೊಡುಕೊಳ್ಳುವಿಕೆಯಲ್ಲಿ ಹೆಸರು, ಜಾತಿ, ಧರ್ಮ ಕೇಳುವ ಪದ್ಧತಿ ಇರಲಿಲ್ಲ.

2016ರ ಜುಲೈಯಲ್ಲಿ ರಸ್ತೆಯಲ್ಲಿ ಮೊಬೈಲ್ ಹಿಡಿದು ನಡೆಯುತ್ತಾ ಆಡುವ 'ಪೋಕೆಮಾನ್ ಗೋ' ಬಂದಾಗ ಹಳೆಯ ಕಥೆ ಮತ್ತೆ ನಡೆಯಿತು. ಸೌದಿಯಲ್ಲಿ ಹಿರಿಯ ವಿದ್ವಾಂಸರ ಮಂಡಳಿಯ ಜಾಲತಾಣದಲ್ಲಿ 2001ರ ಫತ್ವಾ ಮರುಪ್ರಕಟವಾಯಿತು. ಹೊಸ ಫತ್ವಾ ಏನಿಲ್ಲ ಎಂದು ಸರಕಾರ ಸ್ಪಷ್ಟಪಡಿಸಬೇಕಾಯಿತು. ಇರಾನ್ ಭದ್ರತೆಯ ಕಾರಣ ಕೊಟ್ಟು ನಿಷೇಧಿಸಿತು. ಪೋಲೆಂಡಿನ ಔಶ್ವಿಟ್ಝ್ ಸ್ಮಾರಕದವರು ಇಲ್ಲಿ ಆಡಬೇಡಿ ಎಂದು ಬೇಡಿಕೊಂಡರು. ಮಂದಿರಗಳಲ್ಲಿ ಈ ಆಟದ ಮೊಟ್ಟೆಗಳು ಕಾಣಿಸುತ್ತವೆ, ಭಾವನೆಗೆ ಧಕ್ಕೆಯಾಗುತ್ತದೆ ಎಂದು ಗುಜರಾತ್ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. ಅಲ್ಲಿ ನಕ್ಷತ್ರ, ಇಲ್ಲಿ ಮೊಟ್ಟೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಆಟ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯಾಯಿತು.

ನಿಷೇಧದಿಂದ ಒಡೆತನಕ್ಕೆ

2022ರಲ್ಲಿ ಸೌದಿಯ ಸರಕಾರಿ ಹೂಡಿಕೆ ನಿಧಿ ನಿಂಟೆಂಡೋ ಕಂಪನಿಯ ಸುಮಾರು ಶೇ. 5ರಷ್ಟು ಷೇರು ಕೊಂಡಿತು. 2025ರ ಮಾರ್ಚ್‌ನಲ್ಲಿ ಅದೇ ನಿಧಿಯ ಅಧೀನದ ಸ್ಕೋಪ್ಲಿ ಕಂಪನಿ, ಪೋಕೆಮಾನ್ ಗೋ ಸೇರಿದಂತೆ ನಯಾಂಟಿಕ್ ಕಂಪನಿಯ ಆಟಗಳನ್ನು 350 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಮೇ ತಿಂಗಳಲ್ಲಿ ವ್ಯವಹಾರ ಮುಗಿಯಿತು. ನಿಷೇಧಿಸಿದ ಫತ್ವಾಕ್ಕೂ ಈ ಖರೀದಿಗೂ ನಡುವೆ 24 ವರ್ಷ. ಈ ನಡುವೆ ಜೂಜಿನ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಇಲ್ಲ. ಸಂದೇಹ ಬಗೆಹರಿದದ್ದರಿಂದ ಬಾಗಿಲು ತೆರೆಯಲಿಲ್ಲ. ತೈಲದ ನಂತರದ ಆದಾಯದ ಲೆಕ್ಕಾಚಾರ ಅದನ್ನು ತೆರೆಯಿತು.

ಸಂಗ್ರಹದ ಲೋಕವೂ ಬಹಳ ದೂರ ಸಾಗಿದೆ. 1997-98ರಲ್ಲಿ ಜಪಾನಿನ ಮಕ್ಕಳ ಮಾಸಿಕವೊಂದು ತನ್ನ ಚಿತ್ರಸ್ಪರ್ಧೆಗಳಲ್ಲಿ ಗೆದ್ದವರಿಗೆ 39 ಕಾರ್ಡುಗಳನ್ನು ಬಹುಮಾನವಾಗಿ ಕೊಟ್ಟಿತ್ತು. ಅಂತಹ ಒಂದನ್ನು 2021ರಲ್ಲಿ ಅಮೆರಿಕದ ಯೂಟ್ಯೂಬ್ ತಾರೆ ಲೋಗನ್ ಪಾಲ್ 52.75 ಲಕ್ಷ ಡಾಲರ್ ಮೌಲ್ಯಕ್ಕೆ ಕೊಂಡರು. ಅದೇ ವರ್ಷ ವಿಸ್ಕಾನ್ಸಿನ್‌ನಲ್ಲಿ ಕಾರ್ಡಿಗಾಗಿ ದೊಡ್ಡವರೇ ಹೊಡೆದಾಡಿಕೊಂಡ ಮೇಲೆ ಅಮೆರಿಕದ ಒಂದು ದೊಡ್ಡ ಅಂಗಡಿ ಸಮೂಹ ಮಳಿಗೆಗಳಲ್ಲಿ ಅವುಗಳ ಮಾರಾಟವನ್ನೇ ಕೆಲಕಾಲ ನಿಲ್ಲಿಸಿತು. ಚಿತ್ರ ಬರೆದ ಮಗುವಿಗೆ ಸಿಕ್ಕ ಬಹುಮಾನ ಹೂಡಿಕೆದಾರನ ಪ್ಲಾಸ್ಟಿಕ್ ಕವಚದಲ್ಲಿ ಭದ್ರವಾಗಿದೆ. ಅದನ್ನು ಯಾರೂ ಆಡುವುದಿಲ್ಲ, ಯಾರೂ ಗೆಳೆಯನಿಗೆ ಕೊಡುವುದಿಲ್ಲ.

ಮಗು ಗೊಂಬೆ ಕೂಡಿಡುವುದು ಪಾಪವೂ ಅಲ್ಲ, ರೋಗವೂ ಅಲ್ಲ. ಲೋಕವನ್ನು ಎಣಿಸಿ, ಹೆಸರಿಟ್ಟು, ಜೋಡಿಸಿ ತಿಳಿಯುವ ಮೊದಲ ಪಾಠ ಅದು. ಮನೆಯ ಹಿರಿಯರು ಕೇಳಬೇಕಾದದ್ದು ಗೊಂಬೆಯ ಮೈಮೇಲಿನ ಚಿಹ್ನೆ ಯಾವುದೆಂದಲ್ಲ. ಇದಕ್ಕೆ ಎಷ್ಟು ಮುಚ್ಚಿದ ಪೊಟ್ಟಣ ಒಡೆಯಬೇಕಾಯಿತು, ಎರಡು ಬಂದಾಗ ಒಂದನ್ನು ಯಾರಿಗೆ ಕೊಟ್ಟೆ ಎಂದು ಕೇಳಬೇಕು. ಮೊದಲ ಪ್ರಶ್ನೆ ಮಾರುಕಟ್ಟೆಯನ್ನು ತಡೆಯುತ್ತದೆ. ಎರಡನೆಯದು ಮಗುವನ್ನು ಬೆಳೆಸುತ್ತದೆ.