ಚರ್ಮದ ಚೆಂಡು, ಉಕ್ಕಿನ ಸೂಜಿ

ಹನುಮಂತನಗರ, ಬಸವನಗುಡಿ ಕಡೆಯ ಹುಡುಗರ ಪಾಲಿಗೆ ಕ್ರಿಕೆಟ್‌ನಲ್ಲಿ ಎರಡೇ ಜಾತಿ. ಒಂದು ಟೆನಿಸ್ ಬಾಲ್, ಇನ್ನೊಂದು ಲೆದರ್ ಬಾಲ್. ಮೊದಲನೆಯದನ್ನು ಯಾವ ಅಡ್ಡರಸ್ತೆಯಲ್ಲಾದರೂ ಆಡಬಹುದು. ಎರಡನೆಯದಕ್ಕೆ ಮೈದಾನ ಬೇಕು, ಪ್ಯಾಡು ಬೇಕು, ಗ್ಲೌಸು ಬೇಕು, ಇವೆಲ್ಲಕ್ಕೂ ಮೊದಲು ಮನೆಯವರ ಕೈಯಲ್ಲಿ ಹಣ ಬೇಕು. ಹಾಗಾಗಿ ಗ್ಲೌಸಿನ ಅಂಗೈ ಸವೆದಾಗ, ಪ್ಯಾಡಿನ ಪಟ್ಟಿ ಕಿತ್ತುಬಂದಾಗ ಹೊಸದನ್ನು ಕೊಳ್ಳುವುದಕ್ಕಿಂತ ಹಳೆಯದನ್ನೇ ಹೊಲಿಸಿಕೊಳ್ಳುವುದು ರೂಢಿ. ಈ ಕೆಲಸಕ್ಕೆ ದರ್ಜಿಯ ಬಳಿ ಹೋಗಿ ಪ್ರಯೋಜನವಿಲ್ಲ. ಬಟ್ಟೆ ಹೊಲಿಯುವ ಯಂತ್ರಕ್ಕೆ ಚರ್ಮ ಬಗ್ಗುವುದಿಲ್ಲ.

ಬಗ್ಗಿಸಬಲ್ಲ ಯಂತ್ರವೊಂದನ್ನು ನಗರದ ಎಲ್ಲರೂ ನೋಡಿರುತ್ತಾರೆ, ಆದರೆ ಗಮನಿಸಿದವರು ಕಡಿಮೆ. ಪಾದರಕ್ಷೆ ರಿಪೇರಿ ಮಾಡುವವರ ಬಳಿ, ಶಾಲಾ ಚೀಲಗಳ ಅಂಗಡಿಗಳ ಮೂಲೆಯಲ್ಲಿ ಇರುವ ಕಪ್ಪು ಯಂತ್ರ ಅದು. ಮೇಲೊಂದು ದೊಡ್ಡ ಚಕ್ರ, ಕೆಳಗೆ ಬೆರಳಿನಂತೆ ಮುಂದಕ್ಕೆ ಚಾಚಿದ ಸಪೂರ ತೋಳು. ಈ ತೋಳನ್ನು ಬೂಟಿನ ಅಥವಾ ಗ್ಲೌಸಿನ ಒಳಗೇ ತೂರಿಸಬಹುದು. ಸೂಜಿಯ ಪಕ್ಕದ ಪಾದ ಸುತ್ತಲೂ ತಿರುಗುತ್ತದೆ. ಅಂದರೆ ವಸ್ತುವನ್ನು ತಿರುಗಿಸುವ ಬದಲು ಹೊಲಿಗೆಯ ದಿಕ್ಕನ್ನೇ ತಿರುಗಿಸಬಹುದು. ಸಿಂಗರ್ ಕಂಪೆನಿಯ '29ಕೆ' ಎಂಬ ಮಾದರಿ ಮತ್ತು ಅದರ ಅಸಂಖ್ಯ ನಕಲುಗಳು ಈ ಜಾತಿಯವು. 'ಕೆ' ಎಂದರೆ ಕಿಲ್‌ಬೋವಿ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ತಾಯಿಮನೆಯೇ ಇಲ್ಲದ ಯಂತ್ರಗಳು ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತ, ಪ್ರತಿ ಆಯುಧಪೂಜೆಗೂ ಕುಂಕುಮ ಹಚ್ಚಿಸಿಕೊಳ್ಳುತ್ತಿವೆ.

ಹೊಲಿಗೆ ಯಂತ್ರ ಹುಟ್ಟಿದ್ದು ಬಟ್ಟೆಗಾಗಿ ಎಂದು ನಾವೆಲ್ಲ ತಿಳಿದಿದ್ದೇವೆ. ಚರಿತ್ರೆ ಬೇರೆ ಹೇಳುತ್ತದೆ. 1790ರಲ್ಲಿ ಲಂಡನ್ನಿನ ಥಾಮಸ್ ಸೇಂಟ್ ಎಂಬ ಮರಗೆಲಸದವನು ಪಡೆದ ಪೇಟೆಂಟ್‌ನಲ್ಲಿ ಹೊಲಿಗೆ ಯಂತ್ರದ ಮೊದಲ ನಕ್ಷೆ ಸಿಗುತ್ತದೆ. ಅದು ಬೂಟು, ಚರ್ಮದ ವಸ್ತುಗಳನ್ನು ಹೊಲಿಯಲು ಯೋಚಿಸಿದ ಯಂತ್ರ. ಮೊದಲು ಒಂದು ಚೂಪಾದ ಉಳಿ ಇಳಿದು ಚರ್ಮದಲ್ಲಿ ತೂತು ಕೊರೆಯಬೇಕು, ಹಿಂದೆಯೇ ಕವಲು ತುದಿಯ ಸೂಜಿ ದಾರವನ್ನು ಆ ತೂತಿನೊಳಗೆ ತಳ್ಳಬೇಕು. ಚರ್ಮದ ಕೆಲಸಗಾರನ ಎರಡು ಕೈಗಳು ಮಾಡುತ್ತಿದ್ದುದನ್ನೇ ಸೇಂಟ್ ಕಬ್ಬಿಣಕ್ಕೆ ಕಲಿಸಲು ಹೊರಟಿದ್ದ. ಪೇಟೆಂಟ್ ಕಡತದಲ್ಲಿ ಅಂಟು, ವಾರ್ನಿಷ್‌ಗಳ ವಿವರಗಳ ನಡುವೆ ಹೂತುಹೋಗಿದ್ದ ಈ ನಕ್ಷೆ 1870ರ ದಶಕದಲ್ಲಿ ಮತ್ತೆ ಪತ್ತೆಯಾಗುವಷ್ಟರಲ್ಲಿ ಕಾಲ ಮುಂದೆ ಹೋಗಿತ್ತು. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದು ಲೋಕಪ್ರಸಿದ್ಧರಾಗಿದ್ದರು.

<b>ತಪ್ಪಿಗೆ ಮಾಫಿ ಇಲ್ಲ</b>

ಹಳೆಯ ಯಂತ್ರ ಕೊಂಡು ಚರ್ಮ ಹೊಲಿಯಲು ಕಲಿಯುವವರು ಮೊದಲು ಮರೆಯಬೇಕಾದದ್ದು ಬಟ್ಟೆಯ ಪಾಠವನ್ನು. ಬಟ್ಟೆಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು, ಎಳೆಗಳು ಕೂಡಿಕೊಂಡು ತೂತು ಮುಚ್ಚುತ್ತದೆ. ಚರ್ಮದಲ್ಲಿ ಬಿದ್ದ ತೂತು ಬಿದ್ದದ್ದೇ. ಹೊಲಿಗೆ ಒತ್ತೊತ್ತಾಗಿದ್ದರೆ ಗಟ್ಟಿ ಎಂಬುದೂ ಇಲ್ಲಿ ಸುಳ್ಳು. ತೂತುಗಳು ಹತ್ತಿರ ಬಂದಷ್ಟೂ ಚರ್ಮ ಅಂಚೆಚೀಟಿಯ ಹಾಳೆಯಂತೆ ಆ ಸಾಲಿನಲ್ಲೇ ಹರಿದುಬರುತ್ತದೆ. ಮೂರು, ನಾಲ್ಕು ಮಿಲಿಮೀಟರಿನ ಅಂತರ ಸಾಮಾನ್ಯವಾಗಿ ಕ್ಷೇಮ. ಸೂಜಿಯೂ ಬೇರೆ. ಬಟ್ಟೆಯ ಸೂಜಿ ಎಳೆಗಳನ್ನು ಸರಿಸಿ ಇಳಿಯುತ್ತದೆ, ಚರ್ಮದ ಸೂಜಿಯ ತುದಿಗೆ ಕತ್ತಿಯಂತೆ ಅಲಗಿರುತ್ತದೆ. ಹತ್ತಿಯ ದಾರ ಬೆವರಿಗೆ ಕೊಳೆಯುವುದರಿಂದ ನೈಲಾನ್ ಅಥವಾ ಪಾಲಿಯೆಸ್ಟರ್ ದಾರವೇ ಬೇಕು.

ಗಾರ್ಮೆಂಟ್ಸ್ ಕಾರ್ಖಾನೆಗಳು ಹೇರಳವಾಗಿರುವ ಬೆಂಗಳೂರಿನಲ್ಲಿ ಬಳಸಿದ ಕೈಗಾರಿಕಾ ಯಂತ್ರ ಸಿಗುವುದು ಕಷ್ಟವಲ್ಲ. ಆದರೆ ಅಲ್ಲಿನ ಸಾಮಾನ್ಯ ಯಂತ್ರ ಬಟ್ಟೆಯನ್ನು ಕೆಳಗಿನ ಹಲ್ಲುಗಳಿಂದ ಮಾತ್ರ ಮುಂದಕ್ಕೆ ತಳ್ಳುತ್ತದೆ. ಎರಡು ಪದರ ಚರ್ಮವಿಟ್ಟರೆ ಕೆಳಗಿನದು ಮುಂದೆ ಹೋಗುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ, ಹಲ್ಲಿನ ಗುರುತು ಬೇರೆ ಬೀಳುತ್ತದೆ. ಇದಕ್ಕಾಗಿಯೇ 'ನಡೆಯುವ ಪಾದ'ದ ಯಂತ್ರಗಳಿವೆ. ಅವುಗಳಲ್ಲಿ ಮೇಲಿನ ಪಾದವೂ ಕೆಳಗಿನ ಹಲ್ಲೂ ಜೊತೆಜೊತೆಯಾಗಿ ಹೆಜ್ಜೆ ಹಾಕುತ್ತವೆ. ಹಳೆಯ ಮೋಟಾರುಗಳ ವೇಗ ಮಾತ್ರ ಕಲಿಯುವವರಿಗೆ ಶತ್ರು. ಪೆಡಲ್ ಮೇಲೆ ಕಾಲು ಸ್ವಲ್ಪ ಹೆಚ್ಚು ಊರಿದರೂ ಸೂಜಿ ಗೆರೆ ದಾಟಿ ಓಡಿರುತ್ತದೆ. ಆದ್ದರಿಂದ ಮೊದಲ ದಿನಗಳಲ್ಲಿ ದಾರವಿಲ್ಲದೆ ಕಾಗದದ ಮೇಲೆ ಗೆರೆ ಹಿಡಿದು ಓಡಿಸುವುದು, ತಿರುವುಗಳಲ್ಲಿ ಚಕ್ರವನ್ನು ಕೈಯಲ್ಲೇ ತಿರುಗಿಸುವುದು ಒಳ್ಳೆಯ ಅಭ್ಯಾಸ. ಸವೆದ 29ಕೆ ಯಂತ್ರದ್ದು ಇನ್ನೊಂದು ರಗಳೆ. ಒಳಗಿನ ಭಾಗಗಳು ತೇದಂತೆಲ್ಲ ಹೊಲಿಗೆ ಗಿಡ್ಡವಾಗುತ್ತ ಹೋಗುತ್ತದೆ. ಬಾಬಿನ್ ಎಷ್ಟು ಪುಟ್ಟದೆಂದರೆ ದಾರ ಮುಗಿಯುವುದು ಕೆಲಸದ ನಡುವೆಯೇ.

ಕ್ರೀಡಾ ಸಾಮಗ್ರಿಯಲ್ಲಿ ಇದೆಲ್ಲಕ್ಕೂ ಒಂದು ಅರ್ಥವಿದೆ. ಚೀಲದ ಹೊಲಿಗೆ ಬಿಟ್ಟರೆ ಪುಸ್ತಕ ಬೀಳುತ್ತದೆ. ಬಾಕ್ಸಿಂಗ್ ಗ್ಲೌಸಿನ ಹೊಲಿಗೆ ಬಿಟ್ಟರೆ ಎದುರಾಳಿಯ ಹುಬ್ಬು ಹರಿಯಬಹುದು. ಅದಕ್ಕಾಗಿಯೇ ಅದನ್ನು ಒಳಮೈ ಹೊರಗೆ ಮಾಡಿ ಹೊಲಿದು, ಆಮೇಲೆ ತಿರುವಿಹಾಕುತ್ತಾರೆ.

<b>ಯಂತ್ರ ಸೋತ ಜಾಗ</b>

ಇಷ್ಟೆಲ್ಲ ಮಾಡಬಲ್ಲ ಯಂತ್ರ ಕ್ರಿಕೆಟ್ ಚೆಂಡಿನ ಮುಂದೆ ಮಾತ್ರ ಪೂರ್ತಿ ಗೆದ್ದಿಲ್ಲ. ಕಾರ್ಕ್ ತಿರುಳಿನ ಮೇಲೆ ನೂಲು ಸುತ್ತಿ, ಪಟಿಕದಲ್ಲಿ ಹದಮಾಡಿದ ಚರ್ಮದ ಎರಡು ಬಟ್ಟಲುಗಳನ್ನು ಅದರ ಮೇಲೆ ಕೂಡಿಸಿ ಹೊಲಿಯಬೇಕು. ತೂಕ 155.9ರಿಂದ 163 ಗ್ರಾಂ ಒಳಗೆ, ಸುತ್ತಳತೆ 22.4ರಿಂದ 22.9 ಸೆಂಟಿಮೀಟರ್ ಒಳಗೆ ಇರಬೇಕೆಂಬುದು ನಿಯಮ. ಒಳಗೆ ಗಟ್ಟಿ ತಿರುಳಿರುವ ಗುಂಡಿನೊಳಕ್ಕೆ ಯಂತ್ರದ ತೋಳು ಹೋಗುವುದಾದರೂ ಹೇಗೆ? ಆಸ್ಟ್ರೇಲಿಯದ ಕೂಕಬುರ್ರಾ ಚೆಂಡಿನಲ್ಲಿ ಆರು ಸಾಲುಗಳ ಪೈಕಿ ಹೊರಗಿನವು ಯಂತ್ರದ ಹೊಲಿಗೆ. ಆ ಸಾಲುಗಳು ಎರಡು ಬಟ್ಟಲುಗಳನ್ನು ಕೂಡಿಸುವುದಿಲ್ಲ, ಒಂದೊಂದೇ ಬಟ್ಟಲಿನ ಮೇಲೆ ಹಾದುಹೋಗುತ್ತವೆ. ಎರಡನ್ನೂ ಬಿಗಿಯುವ ನಡುವಿನ ಸಾಲುಗಳು ಅಲ್ಲೂ ಕೈಯವೇ. ಭಾರತದ ಟೆಸ್ಟ್ ಪಂದ್ಯಗಳಲ್ಲಿ ಬಳಸುವ ಎಸ್‌ಜಿ ಚೆಂಡಿನಲ್ಲಂತೂ ಆರೂ ಸಾಲು ಕೈಹೊಲಿಗೆ.

ಈ ಎಸ್‌ಜಿ ಸಂಸ್ಥೆ ಹುಟ್ಟಿದ್ದು 1931ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್‌ನಲ್ಲಿ. ದೇಶ ವಿಭಜನೆಯಾದಾಗ ಅಲ್ಲಿಂದ ಹೊರಟ ಉದ್ಯಮಿಗಳು, ಕುಶಲಕರ್ಮಿಗಳು ಮೀರತ್ ಮತ್ತು ಜಲಂಧರ್‌ಗಳಲ್ಲಿ ನೆಲೆನಿಂತರು. ನಮ್ಮ ಕ್ರೀಡಾ ಸಾಮಗ್ರಿಗಳ ಭೂಪಟ ಬರೆದದ್ದು 1947 ಎನ್ನಬಹುದು. ಬೆಂಗಳೂರು ಆ ಭೂಪಟದಲ್ಲಿ ಆಡುವ ಊರಾಗಿ ದೊಡ್ಡದು, ಹೊಲಿಯುವ ಊರಾಗಿ ಸಣ್ಣದು. ಚರ್ಮ ಇಲ್ಲಿ ಇರಲಿಲ್ಲವೆಂದಲ್ಲ. ತಂಗಡಿ ಗಿಡದ ತೊಗಟೆಯಿಂದ ಚರ್ಮ ಹದಮಾಡುವುದು ಈ ಭಾಗದ ಹಳೆಯ ವಿದ್ಯೆ. ಟ್ಯಾನರಿ ರಸ್ತೆಯ ಹೆಸರೇ ಇನ್ನೊಂದು ಸಾಕ್ಷಿ.

<b>ಮುಟ್ಟಬಹುದಾದ ಚೆಂಡು</b>

ವಿದ್ಯೆ ಇದ್ದೂ ಬೆಳೆಯದ್ದಕ್ಕೆ ಕಾರಣ ಮಾರುಕಟ್ಟೆಯೊಂದೇ ಅಲ್ಲ. ಚರ್ಮದ ಕೆಲಸವನ್ನು ಮಾದಿಗ, ಸಮಗಾರ ಮುಂತಾದ ಸಮುದಾಯಗಳಿಗೆ ಕಟ್ಟಿಹಾಕಿ, ಅವರನ್ನು ಊರಾಚೆ ಇಟ್ಟ ಸಮಾಜ ನಮ್ಮದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಗೋಡೆ ಒಮ್ಮೆ ಬಿರುಕು ಬಿಟ್ಟಿತ್ತು. ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲೇ ಉಳಿ, ಕತ್ತಿಗಳು ಬರುತ್ತವೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ಮದುವೆಗೆ ಕಲ್ಯಾಣ ತೆತ್ತ ಬೆಲೆ ಎಲ್ಲರಿಗೂ ತಿಳಿದದ್ದೇ.

ಏಳು ಶತಮಾನಗಳ ನಂತರ, 1876ರಲ್ಲಿ, ಧಾರವಾಡದಲ್ಲಿ ಪಾಲ್ವಂಕರ್ ಬಾಲೂ ಜನಿಸಿದರು. ಚಮ್ಮಾರ ಜಾತಿಯ ಕುಟುಂಬ ಅವರದು. ಪುಣೆಯ ಕ್ಲಬ್ಬಿನಲ್ಲಿ ಪಿಚ್ ಉರುಳಿಸುವ, ನೆಟ್ ಕಟ್ಟುವ ಕೆಲಸಕ್ಕೆ ಸೇರಿ, ಬಿಳಿಯ ಅಧಿಕಾರಿಗಳಿಗೆ ಗಂಟೆಗಟ್ಟಲೆ ಎಡಗೈ ಸ್ಪಿನ್ ಎಸೆದೆಸೆದೇ ಅವರು ಬೌಲರ್ ಆದದ್ದು. ಹಿಂದೂ ತಂಡಕ್ಕೆ ಅವರ ವಿಕೆಟ್‌ಗಳು ಬೇಕಾದವು. ಆದರೆ ಚಹಾ ವಿರಾಮದಲ್ಲಿ ಬಾಲೂಗೆ ಪೆವಿಲಿಯನ್‌ನ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ ಚಹಾ. ಬಾಲೂ ಮುಟ್ಟಿದ ಚೆಂಡನ್ನು, ಅದೂ ದನದ ಚರ್ಮದ ಚೆಂಡನ್ನು, ಸವರ್ಣ ಫೀಲ್ಡರುಗಳು ದಿನವಿಡೀ ಹಿಡಿಯುತ್ತಿದ್ದರು ಎಂಬುದನ್ನು ನೆನೆದರೆ ಮಡಿಯ ಲೆಕ್ಕಾಚಾರ ಎಷ್ಟು ಅನುಕೂಲಕರವಾಗಿತ್ತು ಎಂಬುದು ತಿಳಿಯುತ್ತದೆ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು 114 ವಿಕೆಟ್ ಪಡೆದರು. ನಾಯಕತ್ವ ಮಾತ್ರ ಅವರಿಗೆ ಸಿಗಲಿಲ್ಲ. ಅದು ಬಂದದ್ದು ತಮ್ಮ ವಿಠ್ಠಲನಿಗೆ, 1923ರಲ್ಲಿ.

ಕರ್ನಾಟಕ ಸರ್ಕಾರ 1976ರಲ್ಲಿ ಸ್ಥಾಪಿಸಿದ, 'ಲಿಡ್ಕರ್' ಎಂದೇ ಪರಿಚಿತವಾದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ ಚರ್ಮ ಕುಶಲಕರ್ಮಿಗಳಿಗೆ ತರಬೇತಿ ನೀಡುತ್ತ ಬಂದಿದೆ. ಹೆಚ್ಚಿನ ಒತ್ತು ಪಾದರಕ್ಷೆ, ಚೀಲ, ಬೆಲ್ಟುಗಳಿಗೆ. ಫುಟ್‌ಬಾಲಂತೂ ಚರ್ಮವನ್ನೇ ಬಿಟ್ಟು ಹೊರಟಿದೆ. 1986ರ ವಿಶ್ವಕಪ್‌ನಲ್ಲಿ ಪೂರ್ತಿ ಕೃತಕ ಚೆಂಡು ಬಂತು, 2006ರಲ್ಲಿ ಹೊಲಿಗೆಯೂ ಹೋಗಿ ಶಾಖದಿಂದ ಬೆಸೆದ ಚೆಂಡು ಬಂತು. ಕ್ರಿಕೆಟ್ ಗ್ಲೌಸಿನ ಅಂಗೈ ಇನ್ನೂ ಚರ್ಮದ್ದೇ. ಆದ್ದರಿಂದ ರಸ್ತೆ ಬದಿಯ ಕಪ್ಪು ಯಂತ್ರಕ್ಕೆ ಬೇಸಿಗೆ ರಜೆ ಬಂತೆಂದರೆ ಕೆಲಸ ಇದ್ದೇ ಇರುತ್ತದೆ. ಹೊಲಿಗೆ ಬಿಟ್ಟ ಚೆಂಡನ್ನು ಮಾತ್ರ ಯಾರೂ ಅಲ್ಲಿಗೆ ತರುವುದಿಲ್ಲ. ಅದು ಕೆಲವು ದಿನ ನೆಟ್ಸ್‌ನಲ್ಲಿ ದುಡಿದು, ಕೊನೆಗೆ ಹಳೆಯ ಕಾಲುಚೀಲದೊಳಗೆ ಸೇರಿ, ಯಾವುದೋ ಮನೆಯ ಹಿತ್ತಲಿನಲ್ಲಿ ಹಗ್ಗಕ್ಕೆ ನೇತುಬಿದ್ದು ಬ್ಯಾಟಿನ ಏಟು ತಿನ್ನುತ್ತಿರುತ್ತದೆ.